ಬಾಸ್ ರಾಡ್ ನಮ್ಮ ಕೊರವ ಮೀನಿಗೆ ಆಗತ್ತಾ? ಕಯಾಕ್ ತಗೊಳ್ಳೋದಾದರೆ ಯಾವುದು?

ತೋಟದಕೆರೆ_ಸುಂಟಿಕೊಪ್ಪ

ನಮಸ್ಕಾರ. ಆನ್‌ಲೈನ್‌ನಲ್ಲಿ ರಾಡ್ ಹುಡುಕಿದರೆ ಬರುವುದೆಲ್ಲ ‘ಬಾಸ್ ರಾಡ್’, ‘ಬಾಸ್ ಕಾಂಬೊ’, ‘ಬಾಸ್ ಕಯಾಕ್’. ಅದು ಅಮೆರಿಕದ ಮೀನು. ನಮ್ಮಲ್ಲಿರೋದು ಕೊರವ, ಜಿಲೇಬಿ (ತಿಲಾಪಿಯಾ), ಕಾಟ್ಲಾ, ರೋಹು. ಮುಖ್ಯವಾಗಿ ಬೇಕಿರೋದು ಕೊರವನಿಗೆ.

ಜಾಗ: ತೋಟದೊಳಗಿನ ಒಂದೂವರೆ ಎಕರೆ ಕೆರೆ, ಅರ್ಧಕ್ಕರ್ಧ ಅಂತರಗಂಗೆ ಮತ್ತು ತಾವರೆ. ವರ್ಷಕ್ಕೆ ಏಳೆಂಟು ಸಲ ಹಾರಂಗಿ ಹಿನ್ನೀರು. ರಾಡ್, ರೀಲ್, ದಾರ, ಗಾಳದ ರಬ್ಬರ್ ಕಪ್ಪೆ ಎಲ್ಲ ಸೇರಿ 10,000 ರೂಪಾಯಿ ಒಳಗೆ ಮುಗೀಬೇಕು. ಕಯಾಕ್‌ಗೆ (ಹುಟ್ಟು ಹಾಕೋ ಸಣ್ಣ ದೋಣಿ) 25,000 ಇಟ್ಟಿದೀನಿ. ತೂಕ 82 ಕೆಜಿ, ಒಬ್ಬನೇ ಹೋಗೋದು, ಗಾಡಿ ಪಿಕಪ್ ಜೀಪು. ಗಾಳಿ ತುಂಬುವ ಕಯಾಕ್ ಸಾಕಾ, ಗಟ್ಟಿ ಪ್ಲಾಸ್ಟಿಕ್‌ದೇ ಬೇಕಾ? ರೀಲ್ ರಾಡಿನಡಿ ತೂಗುವ ಸ್ಪಿನ್ನಿಂಗಾ, ಮೇಲೆ ಕೂರುವ ಬೇಟ್‌ಕಾಸ್ಟರಾ?

ಗಾಳ_ದಾರ

ಬಾಸ್ ಮೀನು ಜೊಂಡಿನಡಿ, ಎಲೆಯಡಿ, ಮುಳುಗಿದ ಬೊಡ್ಡೆಯ ಪಕ್ಕ ಹೊಂಚು ಹಾಕಿ ಕೂತು ಎರಗುವ ಜಾತಿ. ಕೊರವನೂ ಅದೇ ಜಾಯಮಾನದ್ದು. ಹಾಗಾಗಿ ಬಾಸ್ ರಾಡ್ ಧಾರಾಳವಾಗಿ ಆಗತ್ತೆ, ಆದರೆ ಸಿಕ್ಕ ಬಾಸ್ ರಾಡೆಲ್ಲ ಆಗಲ್ಲ. ಹಿಡಿಯ ಮೇಲ್ಗಡೆ ಸಣ್ಣಕ್ಷರದಲ್ಲಿ ಬರೆದಿರ್ತಾರಲ್ಲ, ಅದನ್ನು ಓದಿ. ನಿಮಗೆ ಬೇಕಿರೋದು ‘ಮೀಡಿಯಂ ಹೆವಿ’ (ಇದು ರಾಡಿನ ಬಿಗಿತ), ‘ಫಾಸ್ಟ್’ (ತುದಿ ಮಾತ್ರ ಬಾಗೋದು), ಲೂರ್ ಅಂದರೆ ಎಸೆಯುವ ಹುಸಿ ಆಹಾರದ ತೂಕ 10ರಿಂದ 30 ಗ್ರಾಂ. ಬರೀ ‘ಮೀಡಿಯಂ’ ಅಂತಿದ್ದರೆ ಮೀನು ಕಚ್ಚಿದಾಗ ತುದಿ ಬಾಗಿ ಅಲ್ಲೇ ಮುಗಿಯತ್ತೆ, ಕೊರವನ ಗಟ್ಟಿ ದವಡೆಗೆ ಗಾಳ ಇಳಿಯಲ್ಲ. ಉದ್ದ 7 ಅಡಿ ಸರಿ. ಕೆರೆ ಏರಿ ಮೇಲೆ ಸಿಲ್ವರ್ ಓಕ್ ಕೊಂಬೆ ಬಾಗಿದ್ದರೆ 6 ಅಡಿ 6 ಇಂಚಿನದು ಎಸೆಯೋಕೆ ಸಲೀಸು.

ಎರಡು ತುಂಡಿನ ರಾಡ್ ತಗೊಳ್ಳಿ. ಒಂದರೊಳಗೊಂದು ಸೇರಿಕೊಳ್ಳುವ ಟೆಲಿಸ್ಕೋಪಿಕ್ ಬೇಡವೇ ಬೇಡ. ಕೆಂಪು ಮಣ್ಣಿನ ಕಣ ಕೀಲಿಗೆ ಹೋದರೆ ಒಂದೋ ಬಿಚ್ಚಲು ಬರಲ್ಲ, ಇಲ್ಲಾ ಜೋರಾಗಿ ಎಳೆದಾಗ ಒಳಗೆ ಕುಸಿಯತ್ತೆ. ದಾರ ಹಾಯುವ ಬಳೆಗಳನ್ನೂ ನೋಡಿ. ಒಳಗೆ ಸೆರಾಮಿಕ್ ಉಂಗುರ ಇರಬೇಕು. ಎಳೆಗಳನ್ನು ಹೆಣೆದ ಬ್ರೇಡ್ ದಾರ ಅಗ್ಗದ ಲೋಹದ ಬಳೆಯಲ್ಲಿ ಗೀರು ಕೊರೆಯತ್ತೆ, ಆಮೇಲೆ ಅದೇ ಗೀರು ದಾರವನ್ನು ಕೊಯ್ಯತ್ತೆ. ಕಿವಿಗೆ ಹಾಕೋ ಹತ್ತಿಕಡ್ಡಿಯನ್ನು ಪ್ರತಿ ಬಳೆಯೊಳಗೆ ಒಂದು ಸುತ್ತು ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಅಂತ.

ರೀಲ್ ಸ್ಪಿನ್ನಿಂಗ್, 3000 ಅಥವಾ 4000 ಗಾತ್ರ. ಶಿಮಾನೊ ಸಿಯೆನ್ನಾ, ದೈವಾ ಕ್ರಾಸ್‌ಫೈರ್ ಸಾಲಿನವು ಈ ಕೆಲಸಕ್ಕೆ ಸಾಕು. ‘12+1 ಬೇರಿಂಗ್’ ಅಂತ ದೊಡ್ಡಕ್ಷರದಲ್ಲಿ ಹಾಕಿರೋ ಹೆಸರಿಲ್ಲದ ರೀಲಿಗೆ ಮರುಳಾಗಬೇಡಿ. ಬೇರಿಂಗ್ ಎಷ್ಟಿವೆ ಅನ್ನೋದಕ್ಕಿಂತ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್) ಜರ್ಕ್ ಹೊಡೆಯದೆ ಸಮವಾಗಿ ಬಿಡತ್ತಾ, ಹ್ಯಾಂಡಲ್ ಅಲ್ಲಾಡತ್ತಾ ಅನ್ನೋದು ಮುಖ್ಯ. ಬೇಟ್‌ಕಾಸ್ಟರ್ ಅಂತರಗಂಗೆಯಿಂದ ಮೀನು ಎಳೆಯೋಕೆ ನಿಜವಾಗಿ ಒಳ್ಳೇದೇ. ಆದರೆ ನಿಮ್ಮ ದುಡ್ಡಿಗೆ ಸಿಗುವುದರಲ್ಲಿ ಬ್ರೇಕ್ ಸರಿ ಇರಲ್ಲ, ದಾರ ಸುತ್ತಿರೋ ಸ್ಪೂಲ್ ದಾರಕ್ಕಿಂತ ಜೋರಾಗಿ ತಿರುಗಿ, ದಾರ ಗೋಜಲಾಗಿ ಹಕ್ಕಿಗೂಡು ಆಗತ್ತೆ.

ಉಳಿಸಬಾರದ ಜಾಗ ದಾರ. 30 ಪೌಂಡ್ ಎಳೆತ ತಾಳುವ ನಾಲ್ಕೆಳೆ ಬ್ರೇಡ್, 150 ಮೀಟರ್. ಎಂಟೆಳೆಯದು ನುಣುಪು, ದೂರ ಹೋಗತ್ತೆ, ಆದರೆ ಬೊಡ್ಡೆ, ಕಲ್ಲಿಗೆ ಉಜ್ಜಿದಾಗ ಅದೇ ದಪ್ಪದ ನಾಲ್ಕೆಳೆಯದು ಹೆಚ್ಚು ತಾಳತ್ತೆ, ಬೆಲೆಯೂ ಕಮ್ಮಿ. ಬ್ರೇಡನ್ನು ಬೋಳು ಸ್ಪೂಲಿಗೆ ನೇರ ಕಟ್ಟಬೇಡಿ. ಇಡೀ ಸುರುಳಿಯೇ ಜಾರಿ ತಿರುಗತ್ತೆ, ಡ್ರ್ಯಾಗ್ ಕೆಟ್ಟಿದೆ ಅಂತ ನೀವು ಅಂದುಕೊಳ್ತೀರಿ. ಮೊದಲು 10 ಮೀಟರ್ ಮೋನೊ (ಒಂಟಿ ಎಳೆಯ ನೈಲಾನ್ ದಾರ) ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ಅಂಚಿಗೆ 2 ಮಿಲಿಮೀಟರ್ ಬಾಕಿ ಇರುವಷ್ಟು ತುಂಬಿ. ಹೆಚ್ಚಾದರೆ ಸುತ್ತು ಸುತ್ತಾಗಿ ಉದುರತ್ತೆ, ಕಮ್ಮಿಯಾದರೆ ದೂರ ಹೋಗಲ್ಲ.

ತುದಿಗೆ 40 ಪೌಂಡ್ ಮೋನೊ ಅರ್ಧ ಮೀಟರ್. ಡಬಲ್ ಯುನಿ ಗಂಟು: ಬ್ರೇಡ್ ಕಡೆ 8 ಸುತ್ತು, ಮೋನೊ ಕಡೆ 4, ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಿದ್ದಂಗೇ ಎಳೆದರೆ ಮೋನೊ ಬಿಸಿಯಾಗಿ ಸುರುಟಿ ಅಲ್ಲೇ ಹರಿಯತ್ತೆ. ತಾವರೆ ದಟ್ಟವಾಗಿದ್ದರೆ ಮೋನೊ ಬಿಟ್ಟು 50 ಪೌಂಡ್ ಬ್ರೇಡನ್ನೇ ಕಪ್ಪೆಗೆ ಪಾಲೊಮಾರ್ ಗಂಟಿನಲ್ಲಿ ಕಟ್ಟಿ. ಗಂಟು ಎಲೆಗೆ ಸಿಕ್ಕಿಕೊಳ್ಳೋ ತಾಪತ್ರಯವೇ ಇಲ್ಲ.

ಡ್ರ್ಯಾಗ್ ಅಂದಾಜಿಗೆ ತಿರುಗಿಸಬೇಡಿ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ರಾಡ್ ಎತ್ತಿ ಹಿಡಿದು ಎಳೀರಿ. 30 ಪೌಂಡ್ ಅಂದರೆ ಸುಮಾರು 13.6 ಕೆಜಿ. ತೆರೆದ ನೀರಲ್ಲಿ ಅದರ ಕಾಲು ಭಾಗ, ಅಂದರೆ 3.4 ಕೆಜಿಗೆ ದಾರ ಬಿಡಬೇಕು. ಅಂತರಗಂಗೆಯಲ್ಲಿ ಮೂರನೇ ಒಂದು ಭಾಗ, 4.5. ಅಲ್ಲಿ ಮೀನಿಗೆ ಓಡಲು ಬಿಟ್ಟರೆ ಬೇರಿಗೆ ಸುತ್ತಿಕೊಂಡು ಕೂರತ್ತೆ.

ಕಪ್ಪೆ: ಒಳಗೆ ಟೊಳ್ಳಾದ ಮೆತ್ತನೆಯದು, 5ರಿಂದ 6 ಸೆಂಟಿಮೀಟರ್, 10ರಿಂದ 14 ಗ್ರಾಂ. ನಾಲ್ಕು ಸಾಕು, ಎರಡು ಕಪ್ಪು, ಎರಡು ಹಸಿರು. ಡಬ್ಬಿಯಿಂದ ತೆಗೆದ ಕೂಡಲೇ ಎಸೆದರೆ ಹತ್ತು ಕಡಿತದಲ್ಲಿ ಏಳು ಖಾಲಿ ಹೋದರೂ ಆಶ್ಚರ್ಯವಿಲ್ಲ, ಗಾಳದ ಮೊನೆಗಳು ಬೆನ್ನಿಗೆ ಅಂಟಿಕೊಂಡಿರ್ತವೆ. ಇಕ್ಕಳದಲ್ಲಿ ಎರಡೂ ಮೊನೆಯನ್ನು ಕೂದಲೆಳೆಯಷ್ಟು ಹೊರಗೆ ಬಗ್ಗಿಸಿ. ಹೆಬ್ಬೆರಳಲ್ಲಿ ಕಪ್ಪೆ ಬೆನ್ನು ಒತ್ತಿದರೆ ಮೊನೆ ಉಗುರಿಗೆ ತಾಗಬೇಕು. ಕಾಲಿನ ರಬ್ಬರ್ ಎಳೆಗಳನ್ನು ಮುಕ್ಕಾಲು ಇಂಚು ಕತ್ತರಿಸಿ, ಇಲ್ಲಾಂದರೆ ಮೀನು ಎಳೆಯನ್ನಷ್ಟೇ ಕಚ್ಚಿ ಬಿಡತ್ತೆ. ‘ಛಳ್’ ಅಂದ ಕೂಡಲೇ ರಾಡ್ ಎತ್ತಬೇಡಿ. ತುದಿ ಕೆಳಗಿಟ್ಟು, ದಾರ ಬಿಗಿಯಾಗುವುದು ಕೈಗೆ ಗೊತ್ತಾದ ಮೇಲೆ ಹೊಡೀರಿ. ಅದು ಒಂದೆರಡು ಸೆಕೆಂಡಿನ ಮಾತು. ಆಗಾಗ ಕಪ್ಪೆ ಹಿಂಡಿ ನೀರು ತೆಗೀರಿ, ಇಲ್ಲಾಂದರೆ ಮುಳುಗತ್ತೆ.

ಲೆಕ್ಕ ಹೀಗೆ: ರಾಡ್ 2,500, ರೀಲ್ 2,800, ಬ್ರೇಡ್ 1,200, ಮೋನೊ 300, ಕಪ್ಪೆ ನಾಲ್ಕಕ್ಕೆ 1,200, ಇಕ್ಕಳ ಮತ್ತು ತಕ್ಕಡಿಗೆ 700. ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರತ್ತೆ, ಆದರೂ ಹತ್ತರೊಳಗೆ ಮುಗಿಯತ್ತೆ.

ದಂಡೆಯವ

ಕಯಾಕ್ ಮಾತು ಬರುವ ಮೊದಲೇ ಒಂದು ಲೆಕ್ಕ. ಒಂದೂವರೆ ಎಕರೆ ಅಂದರೆ ಸುಮಾರು 6,000 ಚದರ ಮೀಟರ್. ಚೌಕ ಅಂತಿಟ್ಟುಕೊಂಡರೆ ಒಂದು ಬದಿ 78 ಮೀಟರ್. 12 ಗ್ರಾಂ ಕಪ್ಪೆ 30-35 ಮೀಟರ್ ಹೋಗತ್ತೆ. ನಾಲ್ಕೂ ದಂಡೆಯಿಂದ ಎಸೆದರೆ ನಡುವಲ್ಲಿ ಒಂದು ಚೂರು ಬಿಟ್ಟು ಎಲ್ಲಾ ಸಿಕ್ಕಿತು. ಕೊರವ ಹೆಚ್ಚಾಗಿ ಇರೋದೂ ಅಂಚಿನಲ್ಲೇ. ಕೆರೆಗೆ ಕಯಾಕ್ ಬೇಡ ಮಾರಾಯ್ರೆ, ಅದು ಬರೀ ಆಸೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋಕೆ ಪಂಪ್ ಬಿಟ್ಟಾಗ ನೀರಿಳಿದು ಕೊರವ ಆಳದ ಮೂಲೆಗೆ ಸೇರುತ್ತೆ, ಆಗಂತೂ ದಂಡೆಯೇ ಸಾಕು. ಪಂಪಿನ ಫುಟ್‌ವಾಲ್ವ್ ಇರೋ ಕಡೆ ಮಾತ್ರ ಎಸೀಬೇಡಿ, ಜಾಲರಿಗೆ ಗಾಳ ಸಿಕ್ಕಿದರೆ ಬಿಡಿಸಲು ನೀರಿಗೇ ಇಳೀಬೇಕು.

ಹಾರಂಗಿ ವಿಷಯ ಬೇರೆ. ಅಲ್ಲಿ ಮೀನು ಹಿಡಿಯೋದು ಮೀನುಗಾರಿಕೆ ಇಲಾಖೆಯ ಪರವಾನಗಿ ಮೇಲೆ, ಜಲಾಶಯ ಇರೋದು ಕಾವೇರಿ ನೀರಾವರಿ ನಿಗಮದ ಕೈಲಿ. ಕಯಾಕ್ ಕೊಳ್ಳುವ ಮೊದಲೇ ಎರಡೂ ಕಡೆ ಕೇಳಿ, ಕೊಂಡ ಮೇಲೆ ಅಲ್ಲ. ಅಣೆಕಟ್ಟೆಯ ಕೆಳಗಿನ ಹೊಳೆಯಲ್ಲಿ ಯಾವ ದೋಣಿಯೂ ಬೇಡ, ಗೇಟು ಎತ್ತಿದರೆ ನೀರು ಏರೋಕೆ ಹೊತ್ತು ಹಿಡಿಯಲ್ಲ.

ಇನ್ನೊಂದು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಗುಳುಗುಳು ಅನ್ನುತ್ತಾ ಮೇಲೆದ್ದು ಮುಳುಗೋದು ಕಂಡರೆ ಅದರಡಿ ತಂದೆತಾಯಿ ಕೊರವ ಕಾವಲಿರತ್ತೆ. ಸಿಟ್ಟಲ್ಲಿ ಏನು ಎಸೆದರೂ ಕಚ್ಚತ್ತೆ. ಸುಲಭ ಅಂತ ಹಿಡಿದರೆ ಆ ನೂರಾರು ಮರಿಯನ್ನು ಜಿಲೇಬಿಯೂ ಮಿಂಚುಳ್ಳಿಯೂ ಮುಗಿಸ್ತವೆ. ಬಿಟ್ಟುಬಿಡಿ.

ಹಿನ್ನೀರು_ಕುಶಾಲನಗರ

ದಂಡೆಯವರು ಹೇಳಿದ್ದು ಕೆರೆ ಮಟ್ಟಿಗೆ ಒಪ್ಪಿದೆ. ಹಿನ್ನೀರಿಗೆ ಬೇಕೇ ಬೇಕು ಅಂದರೆ ಮುಂದೆ ಓದಿ.

ಮೊದಲು ಭಾರ. ಕಯಾಕಿನ ಮೇಲೆ ಬರೆದ ಗರಿಷ್ಠ ಭಾರ ಅಂದರೆ ಮುಳುಗದೆ ತೇಲುವ ಮಿತಿ, ಆರಾಮಾಗಿ ಕೂತು ಎಸೆಯುವ ಮಿತಿಯಲ್ಲ. ಅದರ 70 ಶೇಕಡಾ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ನೀವು 82, ಸಾಮಾನು 10, ಒಟ್ಟು 92. ಹಾಗಾದರೆ 135 ಕೆಜಿ ಬರೆದಿರುವುದು ಬೇಕು, 135ರ 70 ಶೇಕಡಾ 94.5. 110ರದ್ದು ಅಗ್ಗಕ್ಕೆ ಸಿಗತ್ತೆ, ಆದರೆ ಸೀಟಿನಡಿ ಯಾವಾಗಲೂ ನೀರು ನಿಂತಿರತ್ತೆ.

ಗಟ್ಟಿ ಕಯಾಕಲ್ಲಿ ಮೇಲೆ ಕೂರುವ ‘ಸಿಟ್ ಆನ್ ಟಾಪ್’ ನೋಡಿ. ಅಗಲ 75ರಿಂದ 85 ಸೆಂಟಿಮೀಟರ್, ಉದ್ದ 10 ಅಡಿ ಆಸುಪಾಸು, ತೂಕ 25 ಕೆಜಿ ಸುತ್ತಮುತ್ತ. ಒಳಗೆ ಕಾಲು ತೂರಿಸಿ ಕೂರುವಂಥದ್ದು ಮಗುಚಿದರೆ ನೀರು ತುಂಬಿಕೊಂಡು ಮತ್ತೆ ಹತ್ತಲು ಬರಲ್ಲ. ಮೇಲೆ ಕೂರುವಂಥದ್ದು ಮಗುಚಿದರೆ ತಿರುಗಿಸಿ, ಅಡ್ಡಲಾಗಿ ಹೊಟ್ಟೆ ಹಾಕಿ, ಕಾಲು ಬಡಿದು ಮೇಲೆಳೆದುಕೊಂಡು, ಆಮೇಲೆ ಹೊರಳಿ ಕೂತರೆ ಆಯ್ತು. ಇದನ್ನು ಎದೆಮಟ್ಟದ ನೀರಲ್ಲಿ, ಜೊತೆಗೊಬ್ಬರು ಇರುವಾಗ, ಐದು ಸಲ ಮಾಡಿ ನೋಡಿ. ಐದಕ್ಕೆ ಐದೂ ಬರದಿದ್ದರೆ ಒಬ್ಬರೇ ಹೋಗಬೇಡಿ.

ಗಾಳಿಯದು ಒಯ್ಯೋಕೆ ಸುಲಭ, 25,000 ಒಳಗೇ ಸಿಗತ್ತೆ. ತೊಂದರೆ ಮೂರು. ಬೇಸಿಗೆಯಲ್ಲಿ ನೀರಿಳಿದಾಗ ಹಿನ್ನೀರಿನ ಅಂಚಲ್ಲಿ ಬೊಡ್ಡೆ, ಮುಳ್ಳು ಮೇಲೆ ಬರ್ತವೆ. ಎರಡನೇದು ಬಿಸಿಲು: ಬೆಳಿಗ್ಗೆ ಬಿಗಿಯಾಗಿ ತುಂಬಿ ದಂಡೆಯಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡತ್ತೆ. ದಂಡೆಗೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಮೂರನೇದು ನಮ್ಮ ಮಳೆ. ಒದ್ದೆ ಮಡಚಿ ಕಕ್ಕಡದಲ್ಲಿ (ಜುಲೈ-ಆಗಸ್ಟ್) ಅಟ್ಟಕ್ಕೆ ಹಾಕಿದರೆ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬೂಷ್ಟು ಹಿಡಿದಿರತ್ತೆ. ಕೊಂಡರೆ ಕನಿಷ್ಠ ಮೂರು ಬೇರೆಬೇರೆ ಗಾಳಿಕೋಣೆ ಇರುವುದನ್ನೇ ಕೊಳ್ಳಿ.

ನನ್ನ ಲೆಕ್ಕದಲ್ಲಿ ಹೊಸ ಗಾಳಿಯದಕ್ಕಿಂತ ಹಳೆಯ ಗಟ್ಟಿಯದು ಮೇಲು. 25,000ದಲ್ಲಿ 3,000 ಜೀವರಕ್ಷಕ ಜಾಕೆಟ್ಟಿಗೆ, 3,000 ಹುಟ್ಟಿಗೆ ಮೊದಲೇ ಎತ್ತಿಡಿ. ಜಾಕೆಟ್ ಕನಿಷ್ಠ 70 ನ್ಯೂಟನ್ ತೇಲುಬಲದ್ದು, ಭುಜ ಹಿಡಿದು ಮೇಲೆತ್ತಿದರೆ ಗಲ್ಲ ದಾಟಿ ಬರಬಾರದು. 80 ಸೆಂಟಿಮೀಟರ್ ಅಗಲದ ದೋಣಿಗೆ ಹುಟ್ಟು 240 ಸೆಂಟಿಮೀಟರ್. 220ರದ್ದು ಕೊಟ್ಟರೆ ಪ್ರತಿ ಎಳೆತಕ್ಕೂ ಬೆರಳ ಗೆಣ್ಣು ಅಂಚಿಗೆ ತಾಗತ್ತೆ.

ಲಂಗರಿಗೆ ಕಬ್ಬಿಣದ್ದು ಬೇಡ, ಬೊಡ್ಡೆಗೆ ಸಿಕ್ಕಿ ಬರಲ್ಲ. ಹಳೇ ಕಾಫಿ ಗೋಣಿಯ ತುಂಡಿಗೆ 4 ಕೆಜಿ ಕಲ್ಲು ತುಂಬಿ ಸೆಣಬಿನ ಹುರಿಯಲ್ಲಿ ಕಟ್ಟಿ. ಸಿಕ್ಕಿಕೊಂಡರೆ ಹುರಿ ಹರಿಯತ್ತೆ, ಗೋಣಿ ಕೊಳೆಯತ್ತೆ. ಹಗ್ಗ ಮುಂದೆ ಅಥವಾ ಹಿಂದೆ ಕಟ್ಟಿ, ಪಕ್ಕಕ್ಕೆ ಕಟ್ಟಿದರೆ ಗಾಳಿ ಬೀಸಿದಾಗ ವಾಲಿಸಿ ಮಗುಚತ್ತೆ. ಹರಿಯುವ ಹೊಳೆಯಲ್ಲಿ ಲಂಗರೇ ಹಾಕಬಾರದು.

ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ರಾಡ್ ಮಲಗಿಸಿ ದಂಡೆ ಸೇರಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯತ್ತೆ.

ತೋಟದಕೆರೆ_ಸುಂಟಿಕೊಪ್ಪ

ತುಂಬಾ ಉಪಕಾರ. ಕೆರೆಗೆ ದಂಡೆಯೇ ಅಂತ ತೀರ್ಮಾನ. ಎರಡು ಪ್ರಶ್ನೆ ಉಳೀತು. ಹಳೇ ಗಟ್ಟಿ ಕಯಾಕ್ ನೋಡೋಕೆ ಹೋದರೆ ಏನೇನು ನೋಡ್ಬೇಕು? ಇದೇ ರಾಡಲ್ಲಿ ಕಾವೇರಿಯಲ್ಲಿ ಮಹಶೀರ್‌ಗೂ ಎಸೀಬಹುದಾ?

ಹಿನ್ನೀರು_ಕುಶಾಲನಗರ

ಕಯಾಕ್ ಮಗುಚಿ ಹಾಕಿ ಹಿಂಭಾಗದ ಅಡಿ ನೋಡಿ. ಎಳೆದುಕೊಂಡೇ ಓಡಾಡಿಸಿದ್ದರೆ ಅಲ್ಲೇ ಸವೆದಿರತ್ತೆ. ಬೆರಳಿಂದ ಒತ್ತಿದರೆ ಬಗ್ಗುವಷ್ಟು ತೆಳುವಾಗಿದ್ದರೆ ಬಿಟ್ಟುಬಿಡಿ. ನೀರಿಳಿಯುವ ತೂತುಗಳ ಸುತ್ತ ಬಿರುಕು ನೋಡಿ, ಮೊದಲು ಸೀಳುವ ಜಾಗ ಅದೇ. ಆಮೇಲೆ ತೂತುಗಳಿಗೆ ಬೆಣೆ ಹಾಕಿ, ಮೇಲೆ ಎರಡು ಕೊಡ ನೀರು ಸುರಿದು, ಹತ್ತು ನಿಮಿಷ ಬಿಟ್ಟು ಅಲ್ಲಾಡಿಸಿ. ಹೊಟ್ಟೆಯೊಳಗೆ ಬುಳುಬುಳು ಸದ್ದು ಬಂದರೆ ಸೋರಿಕೆ ಇದೆ.

ಎಂ-ಸೀಲ್, ಅರಾಲ್ಡೈಟ್ ಹಚ್ಚಿದ ಗುರುತು ಕಂಡರೆ ಆ ದುರಸ್ತಿ ನಿಂತಿಲ್ಲ ಅಂತಲೇ ತಿಳಿಯಿರಿ. ಪಾಲಿಎಥಿಲೀನ್‌ಗೆ ಅವು ಹಿಡಿಯಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸುಗೆ ಹಾಕಬೇಕು, ನೀರಿನ ಟ್ಯಾಂಕ್ ರಿಪೇರಿ ಮಾಡುವವರಿಗೆ ಗೊತ್ತಿರತ್ತೆ. ಗಾಳಿಯ ಪಿವಿಸಿ ದೋಣಿಗೂ ಇದೇ ಕಥೆ: ಸೈಕಲ್ ಅಂಗಡಿಯ ಸಲ್ಯೂಷನ್ ರಬ್ಬರಿನದು, ಎರಡು ದಿನಕ್ಕೆ ಏಳತ್ತೆ. ಪಿವಿಸಿ ಗೋಂದು, ಪಿವಿಸಿ ತೇಪೆ, 24 ಗಂಟೆ ಭಾರ ಹೇರಿ ಇಡಿ.

ಪಿಕಪ್ಪಿನಲ್ಲಿ ತರುವಾಗ ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟ್ ಹಾಕಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಅಡಿ ಒಳಗೆ ತಗ್ಗತ್ತೆ. ಕೈಯಲ್ಲಿ ಎಳೆದು ಕಟ್ಟುವ ಬಕಲ್ ಬೆಲ್ಟ್ ಎರಡು, ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ.

ಗಾಳ_ದಾರ

ಮಹಶೀರ್‌ಗೆ ಈ ಸೆಟ್ ಬೇಡ. ಹರಿವ ನೀರಲ್ಲಿ ದೊಡ್ಡದೊಂದು ಸಿಕ್ಕಿ ಕೆಳಮುಖ ಓಡಿದರೆ 150 ಮೀಟರ್ ದಾರ ಖಾಲಿಯಾಗತ್ತೆ, ಬಾಯಲ್ಲಿ ಗಾಳ, ಹಿಂದೆ ಉದ್ದಕ್ಕೆ ದಾರ ಎಳೆದುಕೊಂಡು ಆ ಮೀನು ಸಾಯತ್ತೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಟಾರ್ ರೆಮಾದೇವಿ ಅನ್ನೋದು ಗೊತ್ತಾದದ್ದೇ 2018ರಲ್ಲಿ, ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಕಟ್ಟಕಡೆಯ ಹಂತಕ್ಕೆ ಸೇರಿತು. ಈ ಹೊಳೆ ವ್ಯವಸ್ಥೆ ಬಿಟ್ಟರೆ ಬೇರೆಲ್ಲೂ ಇಲ್ಲ. ವಾಲ್ನೂರು ಕಡೆ ಅದನ್ನು ಉಳಿಸೋ ಕೆಲಸ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ಕಾಲದಿಂದ ಮಾಡಿದೆ. ಅನುಮತಿ ಇಲ್ಲದೆ ಹೊಳೆಗೆ ಗಾಳ ಹಾಕಬೇಡಿ.

ಕೊರವ ಬಿಡುವುದಿದ್ದರೂ ಇಕ್ಕಳದಲ್ಲಿ ಗಾಳದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಟ್ಟುಕೊಳ್ಳಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಲ್ಲ, ನಿಮ್ಮ ಹೆಬ್ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರತ್ತೆ.