ನಾಡಗೀತೆಗೆ ಎರಡೂವರೆ ನಿಮಿಷ, ಆಶಯ ನುಡಿಗೆ?

“ಈ ಸಲ ವೇದಿಕೆ ಬೇಡ,” ಅಂದರು ಮೇಷ್ಟ್ರು. “ಹಾರ ಬೇಡ, ಶಾಲು ಬೇಡ, ಬ್ಯಾನರ್ ಬೇಡ. ಒಂದು ಜಮಖಾನ, ಹತ್ತು ಜನ, ಹತ್ತು ಕವಿತೆ. ಮುಗೀತು.”

“ಆಹ್ವಾನ ಪತ್ರಿಕೆ?” ಪ್ರೆಸ್ಸಣ್ಣ ಕೇಳಿದ. ಅವನ ಅನ್ನದ ಪ್ರಶ್ನೆ, ಕೇಳಲೇಬೇಕು.

“ಅದೂ ಬೇಡ. ವಾಟ್ಸಾಪಿಗೆ ಒಂದು ಸಾಲು ಹಾಕಿದ್ರೆ ಆಯ್ತು.”

“ಪತ್ರಿಕೆ ಇಲ್ಲದ ಕವಿಗೋಷ್ಠಿಗೆ ಯಾವ ಕವಿ ಬರ್ತಾನೆ ಮೇಷ್ಟ್ರೇ? ಹೆಸರು ಅಚ್ಚಾಗಿದ್ರೆ ಬರದೇ ಇದ್ರೂ ಬಂದ ಲೆಕ್ಕ. ಅಚ್ಚಾಗದಿದ್ರೆ ಬಂದು ಓದಿದ್ರೂ ಬಾರದ ಲೆಕ್ಕ.”

ಇದಕ್ಕೆ ನಾವ್ಯಾರೂ ಎದುರಾಡಲಿಲ್ಲ. ನಮ್ಮ ತಾಲ್ಲೂಕಿನ ಸಾಹಿತ್ಯಚರಿತ್ರೆಯನ್ನು ನಿಜವಾಗಿ ಬಲ್ಲವನು ಅವನೊಬ್ಬನೇ. ಯಾರು ಯಾವ ವರ್ಷ ‘ಉದಯೋನ್ಮುಖ’ರಾಗಿದ್ದರು, ಯಾವಾಗ ‘ಹಿರಿಯ’ರಾದರು, ನಡುವೆ ಏನೂ ಬರೆಯಲಿಲ್ಲ ಎಂಬುದೆಲ್ಲ ಅವನ ಕಂಪ್ಯೂಟರಿನ ಫೋಲ್ಡರುಗಳಲ್ಲಿ ಭದ್ರವಾಗಿದೆ.

“ಉದ್ಘಾಟಕರಿಗೆ 36 ಪಾಯಿಂಟು, ಬೋಲ್ಡು,” ಅಂತ ಅವನೇ ಲೆಕ್ಕ ಕೊಟ್ಟ. “ಅಧ್ಯಕ್ಷರಿಗೂ ಅಷ್ಟೇ. ಒಂದು ಪಾಯಿಂಟು ಕಮ್ಮಿಯಾದ್ರೆ ಪ್ರೂಫ್ ವಾಪಸ್ ಬರುತ್ತೆ. ‘ಗೌರವ ಉಪಸ್ಥಿತಿ’ ಅಂತ ಒಂದು ಕಾಲಂ, ಅದರಲ್ಲಿ ಬರೋಲ್ಲ ಅಂತ ಮೊದಲೇ ಗೊತ್ತಿರೋರು. ಇಷ್ಟೆಲ್ಲ ಆಗಿ ಕೆಳಗೆ ಎರಡು ಬೆರಳು ಜಾಗ ಉಳಿಯುತ್ತಲ್ಲ, ಅಲ್ಲಿ ‘ಭಾಗವಹಿಸುವ ಕವಿಗಳು’. ನಲವತ್ತು ಹೆಸರು, ನಡುನಡುವೆ ಕಾಮಾ, 9 ಪಾಯಿಂಟು. ಮದುವೆ ಪತ್ರಿಕೆಯಲ್ಲಿ ಮದುಮಗನ ಹೆಸರು ಕೊನೇ ಸಾಲಿಗೆ ಹೋಗಿದ್ದನ್ನ ನಾನು ಇವತ್ತಿನವರೆಗೆ ಕಂಡಿಲ್ಲ. ಕವಿಗೋಷ್ಠಿ ಪತ್ರಿಕೇಲಿ ಮಾತ್ರ ಯಾವಾಗಲೂ ಹಾಗೇ.”

ಕಮ್ಮಟದ ಹುಡುಗ ನಕ್ಕ. ಅವನಿಗೂ ಒಂದು ಹೆಸರಿದೆ; ಆದರೆ ಎಲ್ಲೇ ಕಾವ್ಯ ಕಮ್ಮಟ ನಡೆದರೂ ಬ್ಯಾಗು ಹೆಗಲಿಗೇರಿಸಿ ಹೊರಡುವುದರಿಂದ ಇದೇ ನಿಂತುಬಿಟ್ಟಿದೆ.

“ನನ್ನ ತಕರಾರು ಪಾಯಿಂಟಿನದ್ದಲ್ಲ, ನಿಮಿಷದ್ದು,” ಅಂದರು ಗಮಕದಕ್ಕ. ಅಕ್ಕ ವಾರವಿಡೀ ಬ್ಯಾಂಕಿನಲ್ಲಿ ಲೆಕ್ಕ ನೋಡಿ ಭಾನುವಾರ ಕುಮಾರವ್ಯಾಸನನ್ನು ಹಾಡುವವರು. ನಿಮಿಷ, ನಯಾಪೈಸೆ ಎರಡನ್ನೂ ಬಿಡುವವರಲ್ಲ. “ನಾಡಗೀತೆ ಅಂತ ಘೋಷಣೆ ಆಗಿದ್ದು 2004ರಲ್ಲಿ. ಎಷ್ಟು ಹೊತ್ತು ಹಾಡಬೇಕು, ಯಾರ ಧಾಟಿಯಲ್ಲಿ ಹಾಡಬೇಕು ಅಂತ ಸರ್ಕಾರದ ಆದೇಶ ಹೊರಡೋಕೆ 2022 ಬರಬೇಕಾಯ್ತು. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ. ಕುವೆಂಪು ಬರೆದದ್ದಕ್ಕೇ ಗಡಿಯಾರ ಇಟ್ಟವರು ಆಶಯ ನುಡಿಗೆ ಯಾಕೆ ಇಡಬಾರದು?”

“ಆಶಯಕ್ಕೆ ಮಿತಿ ಅಂತ ಇರುತ್ತೇನಮ್ಮ?” ಅಂದರು ಮೇಷ್ಟ್ರು, ತುಸು ನೊಂದು. ನಿವೃತ್ತರಾದ ಮೇಲೆ ಮೂರು ಹೋಬಳಿಗಳ ಆಶಯಗಳೆಲ್ಲ ಅವರ ಬಾಯಿಂದಲೇ ಹೊರಟಿವೆ.

ಕಾರ್ಯಕ್ರಮ ನಡೆಯುವ ಕ್ರಮ ನಮಗೆಲ್ಲ ಬಾಯಿಪಾಠ. ಹತ್ತೂವರೆ ಅಂತ ಅಚ್ಚಾದದ್ದು ಹನ್ನೆರಡಕ್ಕೆ ಶುರು. ಪ್ರಾರ್ಥನೆ, ನಾಡಗೀತೆ, ರೈತಗೀತೆ, ಸ್ವಾಗತ, ಪ್ರಾಸ್ತಾವಿಕ, ಆಶಯ, ದೀಪ, ಸನ್ಮಾನ, ಸನ್ಮಾನಿತರೆಲ್ಲರ ಪರವಾಗಿ ಒಬ್ಬರ ಮಾತು, ಅವರು ತಮ್ಮ ಪರವಾಗಿ ಮಾತ್ರ ಆಡಿದರೆಂದು ಇನ್ನೊಬ್ಬರ ಮಾತು. ಕವಿಗಳ ಸರದಿ ಬರುವ ಹೊತ್ತಿಗೆ ಹಿಂಬಾಗಿಲಿನಿಂದ ಸಾರಿನ ಒಗ್ಗರಣೆ ಒಳಗೆ ಬಂದು ಕೂತಿರುತ್ತದೆ. ಆಗ ನಿರೂಪಕರು ಮೈಕಿಗೆ ಬಾಯಿ ತಂದು ‘ಸಮಯದ ಅಭಾವದಿಂದಾಗಿ ಕವಿಮಿತ್ರರು ಒಂದೊಂದೇ ಕವಿತೆ ವಾಚಿಸಬೇಕಾಗಿ ವಿನಂತಿ’ ಅನ್ನುತ್ತಾರೆ. ಅಂದವರು ಸುಮ್ಮನಿರುತ್ತಾರೆಯೇ? ಪ್ರತಿ ಕವಿಯ ಹೆಸರು ಕೂಗುವ ಮುಂಚೆ ತಮ್ಮದೊಂದು ಚುಟುಕ ಬಿಡುತ್ತಾರೆ. ನಲವತ್ತು ಕವಿಗಳಿಗೆ ನಲವತ್ತು ಚುಟುಕ. ಅಂದು ಅತಿ ಹೆಚ್ಚು ಕವಿತೆ ಓದಿದವರು ಅವರೇ, ಕವಿಗಳ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

“ಮೊಬೈಲಲ್ಲಿ ಓದೋರದ್ದು ಇನ್ನೊಂದು ಕಥೆ,” ಅಂದ ಹುಡುಗ. “ಮೊನ್ನೆ ಒಬ್ಬರು ಎರಡು ಸಾಲು ಓದಿ, ತಲೆ ಎತ್ತಿ ಸಭೆ ನೋಡಿದ್ರು. ಅಷ್ಟರಲ್ಲಿ ಸ್ಕ್ರೀನ್ ಆಫ್. ಹೆಬ್ಬೆರಳು ಒತ್ತಿದ್ರು. ಕೈ ಬೆವೆತಿತ್ತು, ಫೋನು ತಗೊಳ್ಳಲಿಲ್ಲ. ಬೆರಳನ್ನ ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ್ರು. ಸಭೇಲಿ ಒಂದು ಕೆಮ್ಮೂ ಇಲ್ಲ. ನನ್ನ ಪಕ್ಕದಲ್ಲಿದ್ದವರು ‘ಮೌನಾನ ಎಷ್ಟು ಚೆನ್ನಾಗಿ ದುಡಿಸ್ಕೋತಾರೆ ನೋಡಿ’ ಅಂದ್ರು. ಸ್ಕ್ರೀನ್ ಬಂತು, ಇನ್ನೆರಡು ಸಾಲು, ಮತ್ತೆ ಆಫ್. ಮೂರನೇ ಸಲ ಆಫ್ ಆದಾಗ ಚಪ್ಪಾಳೆ ಬಿತ್ತು. ಕೊನೇ ಪದ್ಯ ಇನ್ನೂ ಬಾಕಿ ಇತ್ತು, ಚಪ್ಪಾಳೆ ಆದ ಮೇಲೆ ಓದೋದು ಹೇಗೆ ಅಂತ ಕೈಮುಗಿದು ಇಳಿದುಬಿಟ್ರು.”

“ಅವರು ವಾಸಿ ಕಣೋ. ಹಿನ್ನೆಲೆ ಹೇಳೋರಿಗೆ ಹೆದರಬೇಕು,” ಅಂದ ಪ್ರೆಸ್ಸಣ್ಣ. “‘ಈ ಕವಿತೆಗೆ ಒಂದು ಸಣ್ಣ ಹಿನ್ನೆಲೆ ಇದೆ’ ಅಂತ ಶುರು ಮಾಡಿದ್ರು ಅಂದ್ರೆ ಅಜ್ಜಿ, ಹಳೇ ಮನೆ, ವರ್ಗಾವಣೆ, ಆಪರೇಷನ್ನು ಎಲ್ಲಾ ಬರುತ್ತೆ. ಕವಿತೆ ಬರೋ ಹೊತ್ತಿಗೆ ಅದು ಯಾತಕ್ಕೆ ಇನ್ನ ಅನ್ನಿಸಿಬಿಡುತ್ತೆ.”

ಮೇಷ್ಟ್ರು ಕೆಮ್ಮಿದರು. “ಕೆಲವು ಕವಿತೆಗೆ ಹಿನ್ನೆಲೆ ಬೇಕಾಗುತ್ತಪ್ಪ.”

ಯಾರೂ ಉತ್ತರ ಕೊಡದಿದ್ದಾಗ ಅವರೇ ಮುಂದುವರಿಸಿದರು. “ಕವಿತೆ ಓದೋದು ಅಂದ್ರೆ 1929ರ ಬೆಳಗಾವಿ ಸಮ್ಮೇಳನದಲ್ಲಿ ಓದಿದ ಹಾಗಿರಬೇಕು. ಮಾಸ್ತಿ ಅಧ್ಯಕ್ಷರು. ಬೇಂದ್ರೆ ಎದ್ದು ನಿಂತು ‘ಹಕ್ಕಿ ಹಾರುತಿದೆ ನೋಡಿದಿರಾ’ ಅಂದ್ರು. ಸಭೆಗೆ ಸಭೆಯೇ ಬೆರಗಾಯ್ತು. ನೂರು ವರ್ಷ ಆಗ್ತಾ ಬಂತು, ಜನ ಇನ್ನೂ ಅದನ್ನ ಹೇಳ್ತಾನೇ ಇದ್ದಾರೆ.”

“ಆವತ್ತು ವಂದನಾರ್ಪಣೆ ಯಾರು ಮಾಡಿದ್ರು ಮೇಷ್ಟ್ರೇ?” ಅಕ್ಕ ಕೇಳಿದರು.

“ಅದೆಲ್ಲ ಯಾರು ನೆನಪಿಟ್ಕೋತಾರೆ?”

“ಪ್ರಾಸ್ತಾವಿಕ?”

“ಯಾರಿಗಮ್ಮ ಗೊತ್ತು!”

“ನನಗೆ ಬೇಕಾಗಿದ್ದಿದ್ದು ಅಷ್ಟೇ.”

ಮೇಷ್ಟ್ರು ಸೋಲೊಪ್ಪುವ ಜಾತಿಯಲ್ಲ. “ನೋಡಮ್ಮ, ಒಂಬತ್ತನೇ ಶತಮಾನದಲ್ಲೇ ಕವಿರಾಜಮಾರ್ಗದಲ್ಲಿ, ಕುರಿತೋದದೆಯುಂ…”

“ಮೇಷ್ಟ್ರೇ!” ನಾಲ್ವರೂ ಒಟ್ಟಿಗೆ ಕೂಗಿದೆವು. ಆ ಸಾಲು ಬಾರದೆ ನಮ್ಮ ಕಡೆ ಯಾವ ಆಶಯ ನುಡಿಯೂ ಮುಗಿದ ದಾಖಲೆಯಿಲ್ಲ. ಉದ್ದೇಶವಿಟ್ಟು ಓದದೆಯೂ ಕಾವ್ಯದ ವಿಷಯದಲ್ಲಿ ನುರಿತವರು ಅಂತ ಕನ್ನಡಿಗರಿಗೆ ಎಂದೋ ಸಿಕ್ಕ ಹೊಗಳಿಕೆಯನ್ನು, ಓದದೇ ಇರುವುದಕ್ಕೆ ಸಿಕ್ಕ ಪರವಾನಗಿ ಅಂತಲೇ ನಮ್ಮ ಅರ್ಧ ಕವಿಗಳು ತಿಳಿದಿದ್ದಾರೆ.

“ಗಮಕದಲ್ಲಿ ಈ ಯಾವ ತಾಪತ್ರಯವೂ ಇಲ್ಲ,” ಅಂದರು ಅಕ್ಕ. “ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ನಾನು ಒಂದು ಷಟ್ಪದಿ ಹಾಡಿ ನಿಲ್ಲಿಸ್ತೀನಿ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸ್ತಾರೆ. ಎಲ್ಲಿ ಪದ ಒಡೀಬೇಕೋ ಅಲ್ಲೇ ಒಡೀಬೇಕು. ಭಾವಕ್ಕೆ ತಕ್ಕ ರಾಗ ಹಿಡೀಬೇಕು, ಹಾಗಂತ ರಾಗದೊಳಗೆ ಮಾತು ಮುಳುಗಬಾರದು. ವರ್ಷಗಟ್ಟಲೆ ತಾಲೀಮು ಬೇಕು ಅದಕ್ಕೆ. ಶಿವಮೊಗ್ಗದ ಹತ್ತಿರ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಬೇರೆಯವರು ಬರೆದದ್ದನ್ನ ಓದಿದ್ದಕ್ಕೆ ಬಂದದ್ದು!”

ಬೇರೆಯವರು ಬರೆದದ್ದನ್ನು ಓದಿದರೆ ಪದ್ಮಶ್ರೀ ಬರುತ್ತದೆಂಬ ಸುದ್ದಿ ಹುಡುಗನ ಮುಖದ ಮೇಲೆ ಸ್ವಲ್ಪ ಹೊತ್ತು ಓಡಾಡಿತು.

“ಎಲ್ಲಕ್ಕಿಂತ ದೊಡ್ಡ ಅನುಕೂಲ ಏನು ಗೊತ್ತಾ?” ಅಂದರು ಅಕ್ಕ. “ಕವಿ ತೀರಿಕೊಂಡು ಐನೂರು ವರ್ಷದ ಮೇಲಾಗಿರುತ್ತೆ. ಮೈಕ್ ಹಿಡಿದು ‘ಸಮಯ ಇದ್ರೆ ಇನ್ನೊಂದು’ ಅನ್ನೋಲ್ಲ.”

“ಅದೇನೇ ಇರಲಿ ಅಕ್ಕ, ಕಮ್ಮಟ ವಾಸಿ,” ಅಂದ ಹುಡುಗ. “ಅಲ್ಲಿ ಕಾಗದದ ಮೇಲೆ ಪೆನ್ಸಿಲ್ ಇಡೋರು ಒಬ್ಬರಾದ್ರೂ ಇರ್ತಾರೆ. ಮಳೆ ಮೇಲೆ ನಲವತ್ತು ಸಾಲು ಬರ್ಕೊಂಡು ಹೋಗಿದ್ದೆ. ಮೊದಲನೇ ದಿನ ಸಂಪನ್ಮೂಲ ವ್ಯಕ್ತಿಗಳು ವಿಶೇಷಣ ತೆಗೆದ್ರು. ‘ಮಧುರ’ ಹೋಯ್ತು, ‘ಮುತ್ತಿನಂಥ’ ಹೋಯ್ತು, ಸಾಲು ಸಾಲಿಗೂ ಹಾಕಿದ್ದ ಮೂರು ಮೂರು ಚುಕ್ಕಿ ಹೋಯ್ತು. ಎರಡನೇ ದಿನ ‘ಈ ಮಳೇಲಿ ನೀನು ನೆನೆದಿದ್ದೀಯೋ, ಸಿನಿಮಾ ಹಾಡಲ್ಲಿ ನೋಡಿದ್ದೋ?’ ಅಂತ ಕೇಳಿದ್ರು. ನಿಜ ಹೇಳಿದೆ. ಹದಿನೆಂಟು ಸಾಲು ಹೋಯ್ತು. ಮೂರನೇ ದಿನಕ್ಕೆ ಎರಡು ಸಾಲು ಉಳೀತು. ಒಂದು ಅವರೇ ಬರೆದುಕೊಟ್ಟಿದ್ದು.”

“ಇನ್ನೊಂದು?”

“ಕೆಳಗೆ ನಾನು ಹಾಕಿದ್ದ ತಾರೀಖು.”

ಪ್ರೆಸ್ಸಣ್ಣ ಮೇಜು ಕುಟ್ಟಿ ನಕ್ಕ.

“ನಗಬೇಡಿ ಅಣ್ಣ. ಆಮೇಲೆ ನನಗೆ ‘ಮಧುರ’ ಅಂತ ಬರೆಯೋಕೆ ಕೈಯೇ ಬಂದಿಲ್ಲ. ಆದ್ರೆ ಸಮಾರೋಪ ಮುಗಿದ ಮೇಲೆ ಕಮ್ಮಟದವರದ್ದೇ ಒಂದು ವಾಟ್ಸಾಪ್ ಗ್ರೂಪ್ ಆಯ್ತು ನೋಡಿ, ಅದರಲ್ಲಿ ಇವತ್ತಿಗೂ ಬರೋದು ಶುಭೋದಯ ಮಾತ್ರ. ಅಲ್ಲಿ ತೆಗೆಸಿದ್ದ ವಿಶೇಷಣಗಳೆಲ್ಲ ಇಲ್ಲಿಗೆ ಬಂದು ಸೇರ್ಕೊಂಡಿವೆ.”

“ಸರ್ಟಿಫಿಕೇಟ್ ಕೊಟ್ರಾ?”

“ಕೊಟ್ರು.”

“ಅದು ಮುಖ್ಯ,” ಅಂದರು ಮೇಷ್ಟ್ರು, ನೌಕರಿಯ ದಿನಗಳು ನೆನಪಾಗಿ. ಸಮ್ಮೇಳನಗಳಲ್ಲಿ ಓಓಡಿ ಚೀಟಿ (ಬಂದ ದಿನವೂ ನೌಕರಿಯ ಲೆಕ್ಕಕ್ಕೇ ಸೇರಿಸುವ ಹಾಜರಿ ಚೀಟಿ) ಕೊಡುವ ಕೌಂಟರಿನ ಮುಂದೆ ನಿಂತವರಿಗೇ ಗೊತ್ತು, ಪುಸ್ತಕ ಮಳಿಗೆಯ ಸಾಲು ಅದರ ಮುಂದೆ ಏನೇನೂ ಅಲ್ಲ. ಅದನ್ನು ಮೀರಿಸುವುದು ಊಟದ ಸಾಲು ಮಾತ್ರ.

ಇಷ್ಟೆಲ್ಲ ಆದ ಮೇಲೆ ನಾನು ಕಲಾವಿದರ ಸಂವಾದದ ಕಥೆ ತೆಗೆದೆ. ಬಂದಿದ್ದವರು ನಿಜಕ್ಕೂ ಒಳ್ಳೆಯ ಚಿತ್ರಕಲಾವಿದರು. ಪ್ರೊಜೆಕ್ಟರೂ ಇತ್ತು. ಕಿಟಕಿಗಳಿಗೆ ಪರದೆ ಇರಲಿಲ್ಲ. ಮಟಮಟ ಮಧ್ಯಾಹ್ನದ ಬೆಳಕಿನಲ್ಲಿ ಚಿತ್ರಗಳೆಲ್ಲ ಒಂದೇ ಬಿಳುಪು. ಅವರು ಪಾಪ, ‘ಇಲ್ಲಿ ಕೆಂಪು ಮುಂದಕ್ಕೆ ಬರುತ್ತೆ, ನೀಲಿ ಹಿಂದಕ್ಕೆ ಸರಿಯುತ್ತೆ’ ಅಂತ ಕೋಲು ಹಿಡಿದು ಖಾಲಿ ಗೋಡೆ ತೋರಿಸಿದರು. ನಾವು ಹೌದೌದು ಅಂತ ತಲೆಯಾಡಿಸಿದೆವು. ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಮುಂದಿನ ಸಾಲಿನವರೊಬ್ಬರು ಎದ್ದು, ತಮ್ಮ ಮಗಳೂ ಚಿತ್ರ ಬರೆಯುತ್ತಾಳೆ ಅಂತ ಫೋನು ತೆಗೆದು ಎಲ್ಲರತ್ತ ತಿರುಗಿಸಿದರು. ತೆಂಗಿನ ಮರ, ಗುಡಿಸಲು, ಮುಳುಗುವ ಸೂರ್ಯ. ಅಂದು ಸಭೆಗೆ ಸ್ಪಷ್ಟವಾಗಿ ಕಂಡ ಚಿತ್ರ ಅದೊಂದೇ.

“ಸಂವಾದ ಅಂದ್ರೆ ಹೆಗ್ಗೋಡಿನಲ್ಲಿ ನೋಡಬೇಕು,” ಅಂದರು ಮೇಷ್ಟ್ರು. “1949ರಲ್ಲಿ ಹಳ್ಳಿಯಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ. ಅದನ್ನ ಕಟ್ಟಿದ ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು. ಅಲ್ಲಿ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡ್ತಾರೆ, ಬೆಳಗ್ಗೆ ಕೂತು ಅದರ ಬಗ್ಗೆ ಮಾತಾಡ್ತಾರೆ.”

“ಅಂದ್ರೆ ನಡುವೆ ಒಂದು ನಿದ್ದೆ ಆಗಿರುತ್ತೆ,” ಅಂದ ಪ್ರೆಸ್ಸಣ್ಣ. “ನಮ್ಮಲ್ಲಿ ಅದು ಕಾರ್ಯಕ್ರಮದ ಒಳಗೇ ಮುಗಿದುಹೋಗುತ್ತೆ.”

“ಸರಿ, 1933ರಿಂದ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನ ಇದೆಯಲ್ಲ, ಅದರ ಅಟ್ಟದಲ್ಲಿ ವೇದಿಕೆ ಇತ್ತಾ? ಎಂಥೆಂಥ ಬರಹಗಾರರು ಅಲ್ಲಿ ಹರಟಿದ್ದಾರೆ! ನಮಗೂ ಜಮಖಾನವೇ ಸಾಕು.”

“ಜಮಖಾನದ ಮೇಲೆ ನಿಮಗೆ ಕೂರೋಕಾಗುತ್ತಾ ಮೇಷ್ಟ್ರೇ, ಮಂಡಿ?” ಅಂದೆ.

ಅಲ್ಲಿಂದ ಶುರುವಾಯಿತು. ಮಂಡಿ ನೋವಿನವರಿಗೆ ಎರಡು ಕುರ್ಚಿ ಹಾಕುವುದೆಂದಾಯಿತು. ಎರಡೇ ಕುರ್ಚಿ ಅಂದಮೇಲೆ ಅದರಲ್ಲಿ ಯಾರು ಕೂರಬೇಕೆಂದು ಮೊದಲೇ ಗೊತ್ತಾಗಬೇಕು. ಕೂತವರನ್ನು ಸುಮ್ಮನೆ ಕೂರಿಸಿ ಕಳಿಸಿದರೆ ಚೆನ್ನಾಗಿರುವುದಿಲ್ಲ, ಎರಡು ಮಾತು ಆಡಲಿ. ಆಡಿದವರಿಗೆ ಬರಿಗೈಯಲ್ಲಿ ನಮಸ್ಕಾರ ಹೇಳಲಾಗುತ್ತದೆಯೇ, ಒಂದು ಶಾಲು. ಶಾಲು ಹೊದಿಸುವ ಫೋಟೊದಲ್ಲಿ ಹಿಂದೆ ಬೋಳು ಗೋಡೆ ಕಂಡರೆ ಸಾವಿಗೆ ಬಂದಂತಿರುತ್ತದೆ ಅಂದ ಹುಡುಗ, ಹಾಗಾಗಿ ಬ್ಯಾನರು. ಬ್ಯಾನರಿಗೆ ಹೆಸರು ಕೂರಿಸಿದ ಮೇಲೆ ಅದೇ ಫೈಲಿನಲ್ಲಿ ಪತ್ರಿಕೆಯೂ ಆಗುತ್ತದೆ, ಬೇರೆ ಖರ್ಚಿಲ್ಲ ಅಂದ ಪ್ರೆಸ್ಸಣ್ಣ, ಆಗಲೇ ಕಂಪ್ಯೂಟರ್ ಕಡೆ ತಿರುಗಿ. ಮೇಷ್ಟ್ರು ಮೆಲ್ಲಗೆ, “ಆಶಯ ಐದೇ ನಿಮಿಷ,” ಅಂದರು.

“ನಿಲ್ಲಿಸ್ತೀರಾ?” ಅಕ್ಕ ಗದರಿದರು. “ಕುರ್ಚಿ ಹಾಕ್ಕೊಳ್ಳಿ, ಶಾಲು ಹೊದ್ಕೊಳ್ಳಿ. ನನ್ನದು ಒಂದೇ ನಿಯಮ. ಯಾರೂ ತಮ್ಮ ಕವಿತೆ ತಾವು ಓದೋ ಹಾಗಿಲ್ಲ. ಒಂದು ವಾರ ಮುಂಚೆ ಕೊಟ್ಟಿರಬೇಕು. ಇನ್ನೊಬ್ಬರು ಮನೇಲಿ ಓದಿ ಪಳಗಿಸ್ಕೊಂಡು ಬಂದು ಓದಬೇಕು. ಬರೆದವರು ಎದುರಿಗೆ ಕೂತು ಕೇಳಬೇಕು.”

“ಹಾಗಾದ್ರೆ ನಲವತ್ತು ಕವಿಗಳಲ್ಲಿ ಇಬ್ಬರು ಬಂದಾರು,” ಅಂದ ಪ್ರೆಸ್ಸಣ್ಣ.

“ಆ ಇಬ್ಬರಿಗೆ 36 ಪಾಯಿಂಟು ಹಾಕು.”

ನನಗೆ ಈ ನಿಯಮ ಬಹಳ ಹಿಡಿಸಿತು. ಇನ್ನೊಬ್ಬನ ಕವಿತೆಯನ್ನು ನಾಲ್ಕು ಜನರೆದುರು ಓದಬೇಕಾದವನು ಮನೆಯಲ್ಲಿ ಒಮ್ಮೆಯಾದರೂ ಅದನ್ನು ಓದಲೇಬೇಕು. ಎಲ್ಲಿ ನಿಲ್ಲಿಸಬೇಕು, ಯಾವ ಪದಕ್ಕೆ ಒತ್ತು ಅಂತ ಯೋಚಿಸಬೇಕು. ನಮ್ಮ ತಾಲ್ಲೂಕಿನಲ್ಲಿ ಒಬ್ಬ ಕವಿ ಇನ್ನೊಬ್ಬ ಕವಿಯನ್ನು ಓದಿದ ಮೊದಲ ಪ್ರಕರಣ ಅದಾದೀತು.

“ನನ್ನದನ್ನ ಯಾರು ಓದ್ತೀರಿ?” ಮೇಷ್ಟ್ರು ಕೇಳಿದರು.

ಪ್ರೆಸ್ಸಣ್ಣನಿಗೆ ತುರ್ತಾಗಿ ಮೌಸ್ ಒರೆಸಬೇಕೆನಿಸಿತು. ನಾನು ಫ್ಯಾನು ನೋಡಿದೆ.

“ಕೊಡಿ ಮೇಷ್ಟ್ರೇ, ನಾನು ಓದ್ತೀನಿ,” ಅಂದ ಹುಡುಗ. “ಈಗಲೇ ಓದ್ತೀನಿ. ‘ಮಧುರ’ ಇದ್ರೆ ಮಾತ್ರ ಬಿಟ್ಟು ಓದ್ತೀನಿ.”

ಅಂಗಿ ಜೇಬಿನಲ್ಲಿ ಕವಿತೆ ಇದ್ದೇ ಇತ್ತು, ನಾಲ್ಕು ಮಡಿಕೆಯಾಗಿ. ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿತ್ತು. ಹುಡುಗ ಕಾಗದವನ್ನು ಮೊಣಕಾಲ ಮೇಲೆ ಹರಡಿ, ತುಟಿ ಅಲ್ಲಾಡಿಸುತ್ತ ಒಂದು ಸಲ ಓದಿಕೊಂಡ. ಎರಡು ಕಡೆ ಉಗುರಿನಿಂದ ಗೀರು ಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಮೊದಲೆರಡು ಸಾಲು, ಹೇಳಬಾರದೇಕೆ, ಚೆನ್ನಾಗಿಯೇ ಇದ್ದವು. ಪ್ರೆಸ್ಸಣ್ಣ ಮೌಸ್ ಕೆಳಗಿಟ್ಟ.

ಮೂರನೇ ಸಾಲಿಗೆ ಮೇಷ್ಟ್ರು ಕೈ ಎತ್ತಿದರು. “ಒಂದ್ನಿಮಿಷ ಕಣಪ್ಪ, ಅಲ್ಲಿ ಒಂದು ಸಣ್ಣ ಹಿನ್ನೆಲೆ ಇದೆ…”

“ಮೇಷ್ಟ್ರೇ,” ಅಂದರು ಅಕ್ಕ, “ನೀವು ತೀರಿಕೊಂಡು ಐನೂರು ವರ್ಷ ಆಗಿದೆ. ಸುಮ್ನೆ ಕೂತ್ಕೊಂಡು ಕೇಳಿ.”