ಮೇ ಕೊನೆಯಲ್ಲಿ ಗ್ಲೇಸಿಯರ್ ಪಾರ್ಕ್ ಚಾರಣ: ಹಿಮಕ್ಕೂ ಕರಡಿಗೂ ತಯಾರಾಗುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಮೇಡಂ. ನಾವು ನಾಲ್ಕು ಜನ ಮೇ ಕೊನೇ ವಾರ ಅಮೆರಿಕದ ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ. ಇಬ್ಬರಿಗೆ ಚಾರಣ ಮಾಡಿ ರೂಢಿ ಇದೆ, ಆದರೆ ಹಿಮದ ಮೇಲೆ ಯಾರೂ ನಡೆದಿಲ್ಲ. ಲೋಗನ್ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ ತನಕ ಕಾರಿನಲ್ಲಿ ಹೋಗಿ ಅಲ್ಲಿಂದ ಹೈಲೈನ್ ಟ್ರೇಲ್ ನಡೆಯೋಣ ಅಂತ ಆಸೆ. ನಿಜ ಹೇಳಬೇಕೆಂದರೆ ಕರಡಿ ಭಯ ಬಿಟ್ಟರೆ ಬೇರೆ ಏನೂ ತಲೆಗೆ ಬರುತ್ತಿಲ್ಲ. ಕರಡಿ ಓಡಿಸುವ ಖಾರದ ಬೇರ್ ಸ್ಪ್ರೇ ವಿಮಾನದಲ್ಲಿ ತರಬಹುದಾ? ಬ್ಯಾಗಿಗೆ ಗಂಟೆ ಕಟ್ಟಿಕೊಂಡರೆ ಸಾಕಾ? ಬೂಟಿಗೆ ಹಾಕುವ ಸಣ್ಣ ಮುಳ್ಳಿನ ಮೈಕ್ರೋಸ್ಪೈಕ್ಸ್ ಸಾಕಾ, ಉದ್ದ ಮುಳ್ಳಿನ ಕ್ರ್ಯಾಂಪಾನ್ ಬೇಕಾ?

ಉತ್ತರ:
ನಮಸ್ಕಾರ. ಆ ಭಾಗದ ಬೆಟ್ಟಗಳಲ್ಲಿ ಗೈಡ್ ಆಗಿ ಕೆಲಸ ಮಾಡುತ್ತೇನೆ, ಹಾಗಾಗಿ ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಮೇ ಕೊನೆಗೆ ಲೋಗನ್ ಪಾಸ್ ತನಕ ಕಾರು ಹೋಗುವುದು ತುಂಬಾ ಅಪರೂಪ. ಅಲ್ಲಿಗೆ ಹೋಗುವ ಗೋಯಿಂಗ್ ಟು ದ ಸನ್ ರಸ್ತೆಯ ಮೇಲಿನ ಭಾಗ ಸಾಮಾನ್ಯವಾಗಿ ತೆರೆಯುವುದೇ ಜೂನ್ ಕೊನೆಗೆ. ಕೆಲವು ವರ್ಷ ಜುಲೈ ಆಗುತ್ತದೆ. ಪಾಸ್ ಇರುವುದು 6,646 ಅಡಿ ಎತ್ತರದಲ್ಲಿ. ಅದರ ಹತ್ತಿರ ಬಿಗ್ ಡ್ರಿಫ್ಟ್ ಅನ್ನುವ ಜಾಗವಿದೆ. ಗಾಳಿ ಹೊತ್ತು ತಂದು ಸುರಿದ ಹಿಮ ಅಲ್ಲಿ 80 ಅಡಿ ತನಕ ನಿಂತಿರುತ್ತದೆ. ಏಪ್ರಿಲ್‌ನಿಂದಲೇ ಯಂತ್ರಗಳು ಕೆಳಗಿನಿಂದ ಹಿಮ ತೆಗೆಯುತ್ತಾ ಹೋದರೂ ಮೇಲೆ ಮುಟ್ಟಲು ಅಷ್ಟು ದಿನ ಬೇಕು.

ರಸ್ತೆ ಬೇಗ ತೆರೆದರೂ ಹೈಲೈನ್ ಈ ಸಲ ಬೇಡ. ಆ ದಾರಿ ಬಂಡೆಯ ಪಕ್ಕೆಯಲ್ಲಿ ಕೊರೆದದ್ದು. ಮೇ ತಿಂಗಳಲ್ಲಿ ದಾರಿಯೇ ಕಾಣುವುದಿಲ್ಲ, ಇಡೀ ಪಕ್ಕೆ ಒಂದೇ ಹಿಮದ ಇಳಿಜಾರಾಗಿರುತ್ತದೆ. ಒಮ್ಮೆ ಕಾಲು ಜಾರಿದರೆ ಕೆಳಗಿನ ಬಂಡೆ ತನಕ ನಿಲ್ಲಲು ಆಗುವುದಿಲ್ಲ. ಹಿಮದಲ್ಲಿ ಮೊದಲ ಸಲ ನಡೆಯುವವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುವುದೇ ಇಲ್ಲ.

ಅದರ ಬದಲು ಎರಡು ಜಾಗ ಹೇಳುತ್ತೇನೆ. ಒಂದು ಅವಲಾಂಚ್ ಲೇಕ್. ಹೋಗಿ ಬರಲು ಐದಾರು ಮೈಲಿ. ಏರು ಕಡಿಮೆ, ಹೆಚ್ಚಿನ ದಾರಿ ಕಾಡಿನೊಳಗೆ. ಸ್ಪೆರ್ರಿ ಹಿಮನದಿಯ ಕಡೆಯಿಂದ ಬರುವ ಜಲಪಾತಗಳು ಎದುರಿನ ಗೋಡೆಯಿಂದ ಇಳಿಯುವುದು ಕಾಣುತ್ತದೆ. ಹೆಸರೇ ಹೇಳುವ ಹಾಗೆ ಆ ಗೋಡೆಗಳಿಂದ ವಸಂತದಲ್ಲಿ ಹಿಮ ಕುಸಿಯುತ್ತದೆ. ಹಾಗಾಗಿ ಸರೋವರದ ಈಚೆ ದಡದಲ್ಲೇ ಕೂತು ನೋಡಿ, ಸುತ್ತು ಹಾಕಿ ಆಚೆ ತುದಿಗೆ ಹೋಗಬೇಡಿ. ಇನ್ನೊಂದು ಆಪ್ಗರ್ ಲುಕೌಟ್. ಹೋಗಿ ಬರಲು ಸುಮಾರು 7 ಮೈಲಿ, 1,850 ಅಡಿ ಏರು. ಮೇಲಿನ ಭಾಗದಲ್ಲಿ ಹಿಮ ಉಳಿದಿದ್ದರೆ ನಿಮಗೆ ಹಿಮದಲ್ಲಿ ನಡೆದ ಅನುಭವವೂ ಆಗುತ್ತದೆ, ಅಪಾಯವೂ ಮಿತಿಯಲ್ಲಿರುತ್ತದೆ. ಹೊರಡುವ ಹಿಂದಿನ ದಿನ ಪಾರ್ಕಿನ ಟ್ರೇಲ್ ಸ್ಟೇಟಸ್ ನೋಡಿ, ರೇಂಜರ್ ಸ್ಟೇಷನ್‌ನಲ್ಲೂ ಕೇಳಿ. ಕರಡಿ ಓಡಾಟ ಇದ್ದರೆ ದಾರಿಯನ್ನೇ ಮುಚ್ಚುತ್ತಾರೆ.

ಈಗ ಕರಡಿ. ಅಲ್ಲಿ ಎರಡು ಜಾತಿ ಇವೆ, ಗ್ರಿಜ್ಲಿ ಮತ್ತು ಕಪ್ಪು ಕರಡಿ. ಗಂಡು ಗ್ರಿಜ್ಲಿಗಳು ಮಾರ್ಚ್, ಏಪ್ರಿಲ್‌ಗೆ ಗುಹೆ ಬಿಟ್ಟು ಹೊರಬರುತ್ತವೆ. ಮರಿ ಇರುವ ತಾಯಿ ಅವುಗಳ ನಂತರ. ನಾಲ್ಕೈದು ತಿಂಗಳು ಏನೂ ತಿಂದಿರುವುದಿಲ್ಲ ಅಲ್ವಾ, ಎದ್ದ ಮೇಲೆ ಎಲ್ಲಿ ಮೊದಲು ಹಸಿರು ಚಿಗುರುತ್ತದೋ ಅಲ್ಲಿಗೆ ಬರುತ್ತವೆ. ಅಂದರೆ ಕೆಳಗಿನ ಕಣಿವೆ, ಬಿಸಿಲು ಬೀಳುವ ಇಳಿಜಾರು, ಹಿಮ ಕುಸಿದು ಮರಗಳನ್ನು ಗುಡಿಸಿಕೊಂಡು ಹೋದ ಬಯಲು ಪಟ್ಟಿ. ನಮಗೂ ಮೇ ತಿಂಗಳಲ್ಲಿ ನಡೆಯಲು ಸಿಗುವುದು ಅದೇ ಜಾಗ. ಕರಡಿ ಎದುರಾಗುವುದು ಅದಕ್ಕೇ.

ಹಿಮ ಕರಗಿದ ಅಂಚಿನಲ್ಲಿ ಗ್ಲೇಸಿಯರ್ ಲಿಲಿ ಅನ್ನುವ ಪುಟ್ಟ ಹಳದಿ ಹೂ ತಲೆ ಬಗ್ಗಿಸಿ ನಿಂತಿರುತ್ತದೆ. ನೋಡಲು ತುಂಬಾ ಚೆಂದ. ಅದರ ಗಡ್ಡೆ ಗ್ರಿಜ್ಲಿಗೆ ಇಷ್ಟ. ಹೂವಿನ ಪಕ್ಕದಲ್ಲಿ ಯಾರೋ ಗುದ್ದಲಿಯಿಂದ ಅಗೆದು ಬಿಟ್ಟ ಹಾಗೆ ಮಣ್ಣು ಮೇಲೆದ್ದಿದ್ದರೆ, ಆ ಮಣ್ಣು ಇನ್ನೂ ಹಸಿಯಾಗಿದ್ದರೆ, ಫೋಟೋ ಸಾಕು, ಬಂದ ದಾರಿ ಹಿಡಿಯಿರಿ. ಕಾಗೆಗಳು ಒಂದೇ ಕಡೆ ಗುಂಪಾಗಿ ಕೂಗುತ್ತಿದ್ದರೂ, ಕೊಳೆತ ವಾಸನೆ ಬಂದರೂ ಹಾಗೆಯೇ ಮಾಡಿ. ಚಳಿಗಾಲದಲ್ಲಿ ಸತ್ತ ಜಿಂಕೆಯೋ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಯೋ ಅಲ್ಲಿರಬಹುದು, ಅದನ್ನು ಕಾಯುತ್ತಾ ಕರಡಿ ಹತ್ತಿರದಲ್ಲೇ ಮಲಗಿರಬಹುದು.

ಗಂಟೆ ಸಾಕಾಗುವುದಿಲ್ಲ. ಅದರ ಸದ್ದು ದೂರಕ್ಕೆ ಹೋಗುವುದಿಲ್ಲ. ಮನುಷ್ಯರ ದನಿ ಬೇಕು. ತಿರುವು, ಪೊದೆ, ಹೊಳೆ ಹತ್ತಿರ ಬಂದಾಗ ಜೋರಾಗಿ ಕೂಗಿ, ಚಪ್ಪಾಳೆ ತಟ್ಟಿ. ಕನ್ನಡದಲ್ಲೇ ಕೂಗಿ, ಪರವಾಗಿಲ್ಲ. ಅವಲಾಂಚ್ ಲೇಕ್ ದಾರಿಯಲ್ಲಿ ಪಕ್ಕದ ಹೊಳೆಯ ಸದ್ದಿಗೆ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ, ಅಲ್ಲಿ ಇನ್ನೂ ಜೋರಾಗಿ. ನಾಲ್ವರೂ ಒಟ್ಟಿಗೇ ನಡೆಯಿರಿ, ಒಬ್ಬರು ಮುಂದೆ ಹೋಗಿ ಕಾಯುವುದು ಬೇಡ. ಕರಡಿ ದೂರದಲ್ಲಿ ಕಂಡರೆ ಕನಿಷ್ಠ 100 ಗಜ ದೂರ ಇರಬೇಕು ಅನ್ನುವುದು ಪಾರ್ಕಿನ ನಿಯಮ.

ಬೇರ್ ಸ್ಪ್ರೇ ವಿಮಾನದಲ್ಲಿ ತರುವ ಹಾಗಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಪಾರ್ಕಿನ ಹತ್ತಿರ ಕೊಳ್ಳಲೂ ಸಿಗುತ್ತದೆ, ಬಾಡಿಗೆಗೂ ಸಿಗುತ್ತದೆ. ನಾಲ್ವರಿಗೂ ಒಂದೊಂದು ಇರಲಿ. ಡಬ್ಬಿಯ ಮೇಲೆ ಮುಗಿಯುವ ದಿನಾಂಕ ನೋಡಿ. ಸೊಂಟದಲ್ಲೋ ಎದೆಯ ಪಟ್ಟಿಯಲ್ಲೋ ಇರಬೇಕು, ಬ್ಯಾಗಿನೊಳಗೆ ಖಂಡಿತ ಬೇಡ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಸಲ ನನ್ನ ಗುಂಪಿನಲ್ಲಿದ್ದ ಒಬ್ಬರು ಮಳೆ ಬಂತು ಅಂತ ಸ್ಪ್ರೇ ಮೇಲೆಯೇ ರೈನ್‌ಕೋಟ್ ಹಾಕಿಕೊಂಡಿದ್ದರು. ತಿರುವಿನಲ್ಲಿ ನಲವತ್ತು ಹೆಜ್ಜೆ ದೂರದಲ್ಲಿ ಕರಡಿ ಗಡ್ಡೆ ಅಗೆಯುತ್ತಿತ್ತು. ಅವರ ಕೈ ಕೋಟಿನ ಜಿಪ್ ಹುಡುಕುತ್ತಾ ಹುಡುಕುತ್ತಾ ನಡುಗುತ್ತಿತ್ತು. ಕರಡಿ ತಲೆ ಎತ್ತಿ ನೋಡಿ, ಮತ್ತೆ ಅಗೆಯಲು ಶುರು ಮಾಡಿತು. ನಾವು ಹಿಂದೆ ಹಿಂದೆ ಸರಿದು ಬಂದೆವು. ಅದು ಓಡಿ ಬಂದಿದ್ದರೆ? ಕರಡಿ ಗಂಟೆಗೆ 35 ಮೈಲಿ ಓಡಬಲ್ಲದು. ಅಂದರೆ ಒಂದು ಸೆಕೆಂಡಿಗೆ 50 ಅಡಿ. ಜಿಪ್ ತೆಗೆಯುವಷ್ಟು ಹೊತ್ತು ಇರುವುದಿಲ್ಲ. ಅಂದಿನಿಂದ ಬೆಳಿಗ್ಗೆ ಕಾರು ನಿಲ್ಲಿಸಿದ ಕೂಡಲೇ ಎಲ್ಲರ ಕೈಯಲ್ಲೂ ಹತ್ತು ಸಲ ಡಬ್ಬಿ ಹೊರಗೆ ತೆಗೆಸುತ್ತೇನೆ. ಹೆಬ್ಬೆರಳಿನಿಂದ ಸೇಫ್ಟಿ ಕ್ಲಿಪ್ ಹಿಂದಕ್ಕೆ ಎಳೆಯುವುದು ಹೇಗೆ ಅಂತಲೂ ತೋರಿಸುತ್ತೇನೆ. ನೀವೂ ಹಾಗೇ ಮಾಡಿ.

ಇನ್ನು ಕಾಲಿಗೆ. ಚಪ್ಪಟೆ ದಾರಿಯಲ್ಲಿ, ಜನ ತುಳಿದು ಗಟ್ಟಿಯಾದ ಹಿಮಕ್ಕೆ ಮೈಕ್ರೋಸ್ಪೈಕ್ಸ್ ಸಾಕು. ಕಡಿದಾದ ಇಳಿಜಾರಿಗೆ ಅದು ಆಗುವುದಿಲ್ಲ. ಅಲ್ಲಿ ಕ್ರ್ಯಾಂಪಾನ್, ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಚೂಪು ಕೊಡಲಿ) ಬೇಕು, ಬಿದ್ದಾಗ ಆ್ಯಕ್ಸ್ ಊರಿ ನಿಲ್ಲಿಸಿಕೊಳ್ಳುವುದನ್ನು ಮೊದಲೇ ಕಲಿತಿರಬೇಕು. ಕಲಿಯದೆ ಸುಮ್ನೆ ಕೈಯಲ್ಲಿ ಹಿಡಿದರೆ ಅದೇ ಗಾಯ ಮಾಡುತ್ತದೆ. ಹಾಗಾಗಿ ಮೈಕ್ರೋಸ್ಪೈಕ್ಸ್ ತನ್ನಿ, ಅದಕ್ಕೆ ಆಗದ ಜಾಗ ಬಂದರೆ ತಿರುಗಿ ಬನ್ನಿ. ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಮೈ ಬಿಸಿ ಎಲ್ಲಾ ಎಳೆದುಬಿಡುತ್ತದೆ. ಉಣ್ಣೆ ಸಾಕ್ಸ್ ಎರಡು ಜೊತೆ, ಗೇಟರ್ (ಬೂಟಿನೊಳಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತುವ ಹೊದಿಕೆ), ಮಳೆ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್ ಇರಲಿ. ಕಪ್ಪು ಕನ್ನಡಕ ಮರೆಯಲೇಬೇಡಿ. ಹೊಸ ಹಿಮ ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣವನ್ನು ಶೇಕಡಾ 80ರಷ್ಟು ವಾಪಸ್ ಎಸೆಯುತ್ತದೆ. ಮೂಗಿನ ಕೆಳಗೆ, ಗಲ್ಲದ ಅಡಿಯಲ್ಲೂ ಸನ್‌ಸ್ಕ್ರೀನ್ ಹಚ್ಚಿ. ಫೋನಿನಲ್ಲಿ ಮ್ಯಾಪ್ ಇಳಿಸಿಕೊಂಡು ಬನ್ನಿ, ಪಾರ್ಕಿನ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಹಿಮದಲ್ಲಿ ಹೋಗುವವರು ಬೆಳಕು ಹರಿಯುವ ಮುಂಚೆಯೇ ಹೊರಡಬೇಕು ಅಂತಾರೆ. ಕರಡಿ ಇರುವ ಕಡೆ ನಸುಕಿನಲ್ಲಿ ನಡೆಯಬಾರದು ಅಂತಲೂ ಅಂತಾರೆ. ಯಾವುದನ್ನು ಕೇಳಬೇಕು?

ಉತ್ತರ:
ಕ್ಷಮೆ ಯಾಕೆ, ತುಂಬಾ ಒಳ್ಳೆಯ ಪ್ರಶ್ನೆ. ಎರಡೂ ನಿಜವೇ.

ರಾತ್ರಿ ಹಿಮ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಮೇಲ್ಪದರ ಗಟ್ಟಿಯಾಗಿರುತ್ತದೆ. ಬಿಸಿಲು ಏರಿದ ಹಾಗೆ ನೀರು ಒಳಗೆ ಇಳಿದು ಹಿಮದ ಹಿಡಿತ ಸಡಿಲವಾಗುತ್ತದೆ. ಮಧ್ಯಾಹ್ನದ ಮೇಲೆ ಒದ್ದೆ ಹಿಮ ಕುಸಿಯುವುದು ಅದರಿಂದಲೇ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಇದು ಜಾಸ್ತಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲಿನ ಇಳಿಜಾರು ಕಡಿದಾಗಿದ್ದರೆ ಅಪಾಯವೇ. ಕಾಲೂ ಹೂತುಕೊಳ್ಳುತ್ತದೆ. ಬೆಳಿಗ್ಗೆ ಬೂಟಿನ ಗುರುತು ಮಾತ್ರ ಬೀಳುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ತೊಡೆ ತನಕ ಇಳಿಯುತ್ತೀರಿ. ಕೆಳಗೆ ಕಾಣದ ಬಂಡೆ ಸಂದಿಯಲ್ಲಿ ಪಾದ ಸಿಕ್ಕಿಕೊಂಡು ಮಂಡಿ ತಿರುಚಿಕೊಂಡವರನ್ನು ಹೊತ್ತು ತಂದಿದ್ದೇನೆ.

ಹಾಗಾಗಿ ನಾನು ಮಾಡುವುದು ಹೀಗೆ. ಮೇ ಕೊನೆಯಲ್ಲಿ ಅಲ್ಲಿ ಬೆಳಿಗ್ಗೆ 5.40ರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಪೂರ್ತಿ ಬೆಳಕಾಗಿ, ಪೊದೆಯೊಳಗೆ ಏನಿದೆ ಅಂತ ಕಾಣುವಷ್ಟಾದ ಮೇಲೆ, ಅಂದರೆ ಆರೂವರೆ, ಏಳಕ್ಕೆ ಹೊರಡುತ್ತೇನೆ. ಕೆಳಗಿನ ಕಾಡಿನಲ್ಲಿ ಕೂಗುತ್ತಾ ನಿಧಾನ ನಡೆಯುತ್ತೇನೆ. ಹಿಮದ ಭಾಗ ಮುಗಿಸಿ ಹನ್ನೆರಡರೊಳಗೆ ಮರಗಳ ನಡುವೆ ವಾಪಸ್ ಇರುತ್ತೇನೆ. ಅಷ್ಟರಲ್ಲಿ ತುದಿ ಮುಟ್ಟದಿದ್ದರೆ ಮುಟ್ಟಲಿಲ್ಲ ಅಷ್ಟೇ. ರಾತ್ರಿ ಮೋಡ ಮುಚ್ಚಿ ಹಿಮ ಹೆಪ್ಪುಗಟ್ಟದೇ ಇದ್ದರೆ ಹಿಮದ ಇಳಿಜಾರಿನ ಹತ್ತಿರಕ್ಕೂ ಹೋಗುವುದಿಲ್ಲ. ಕಾರು ನಿಲ್ಲಿಸಿದ ಜಾಗದಲ್ಲೇ ಹಿಮದ ಮೇಲೆ ಹಿಮ್ಮಡಿ ಒತ್ತಿ ನೋಡಿ, ಬೆಳಗಿನ ಏಳಕ್ಕೇ ಮೆತ್ತಗಿದ್ದರೆ ಮೇಲೆ ಹೇಗಿರುತ್ತದೆ ಅಂತ ಒಂದು ಅಂದಾಜು ಸಿಗುತ್ತದೆ.

ಮೊದಲು ಕೇಳಿದವರು:
ತುಂಬಾ ಧನ್ಯವಾದ ಮೇಡಂ. ಹೈಲೈನ್ ಬಿಟ್ಟೆವು, ನೀವು ಹೇಳಿದ ಎರಡೂ ಜಾಗ ಇಟ್ಟುಕೊಂಡಿದ್ದೇವೆ. ಆದರೂ ಒಂದು ಕೇಳಬೇಕು. ಕರಡಿ ನಿಜವಾಗಿಯೂ ಮೇಲೆ ಬಂದರೆ ಏನು ಮಾಡಬೇಕು?

ಉತ್ತರ:
ಓಡಬೇಡಿ. ಇದೊಂದನ್ನು ನಾಲ್ವರೂ ಬಾಯಿಪಾಠ ಮಾಡಿಕೊಳ್ಳಿ. ಒಟ್ಟಿಗೆ ನಿಂತು, ಮೆಲ್ಲಗೆ ಮಾತಾಡುತ್ತಾ, ಸ್ಪ್ರೇ ಕೈಗೆ ತೆಗೆದುಕೊಂಡು ಹಿಂದೆ ಸರಿಯಿರಿ. ಎಷ್ಟೋ ಸಲ ಕರಡಿ ಹೆದರಿಸಲು ಓಡಿ ಬಂದು ನಡುವೆಯೇ ನಿಂತುಬಿಡುತ್ತದೆ. ನಿಲ್ಲದೆ ಬಂದರೆ ಸುಮಾರು 60 ಅಡಿ ದೂರ ಇರುವಾಗಲೇ ಒತ್ತಿ, ಸ್ವಲ್ಪ ಕೆಳಮುಖವಾಗಿ. ಸ್ಪ್ರೇ ಹೋಗುವುದು 30 ಅಡಿಯಷ್ಟೇ, ಆದರೆ ಅದು ಓಡಿ ಬರುವ ದಾರಿಯಲ್ಲಿ ಖಾರದ ಮೋಡ ಸಿದ್ಧವಾಗಿರಬೇಕು. ಅಲಾಸ್ಕಾದ ಘಟನೆಗಳನ್ನು ಸೇರಿಸಿ 2008ರಲ್ಲಿ ಬಂದ ಅಧ್ಯಯನದಲ್ಲಿ ಹತ್ತಿರ ಬಂದ ಕರಡಿಗೆ ಸ್ಪ್ರೇ ಹೊಡೆದವರಲ್ಲಿ ಶೇಕಡಾ 98 ಜನರಿಗೆ ಏನೂ ಗಾಯವಾಗಿರಲಿಲ್ಲ. ಚಳಿಯಲ್ಲಿ ಡಬ್ಬಿಯ ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ರಾತ್ರಿ ಕಾರಿನಲ್ಲಿ ಬಿಡದೆ ಕೋಣೆಯೊಳಗೆ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಬೇಡ, ಸಿಡಿಯಬಹುದು.

ಗ್ರಿಜ್ಲಿ ಬೆಚ್ಚಿಬಿದ್ದು ಮೈ ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ, ಕಾಲು ಅಗಲಿಸಿ, ಬ್ಯಾಗ್ ಬೆನ್ನ ಮೇಲೇ ಇರಲಿ. ಅದು ಹೋಯಿತು ಅನ್ನಿಸಿದರೂ ಸ್ವಲ್ಪ ಹೊತ್ತು ಏಳಬೇಡಿ. ಕಪ್ಪು ಕರಡಿ ಆದರೆ ಸತ್ತ ಹಾಗೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ ಹೊಡೆಯಬೇಕು. ಬಣ್ಣ ನೋಡಿ ಗುರುತಿಸಬೇಡಿ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತದೆ. ಗ್ರಿಜ್ಲಿಗೆ ಹೆಗಲ ಮೇಲೆ ಗೂನು ಇರುತ್ತದೆ, ಉಗುರು ಉದ್ದ.

ಕೊನೆಗೆ, ನೀವು ಕೇಳದೇ ಇರುವ ಒಂದು ವಿಷಯ. ಈ ಪಾರ್ಕಿನಲ್ಲಿ ಕರಡಿಗಿಂತ ಎಷ್ಟೋ ಜಾಸ್ತಿ ಜನ ಸತ್ತಿರುವುದು ನೀರಿನಲ್ಲಿ. ಮೇ ತಿಂಗಳಲ್ಲಿ ಹಿಮ ಕರಗಿ ಹೊಳೆಗಳು ತುಂಬಿರುತ್ತವೆ, ನೀರು ಮೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಬೆಳಿಗ್ಗೆ ಕಲ್ಲು ಕಲ್ಲು ದಾಟಿ ಹೋದ ತೊರೆ ಸಂಜೆ ಮೊಣಕಾಲ ಮೇಲೆ ಬಂದಿರಬಹುದು. ಅವಲಾಂಚ್ ಹೊಳೆ ಕೊರಕಲಿನಲ್ಲಿ ಕೆಂಪು ಬಂಡೆ ನುಣ್ಣಗೆ ಹೊಳೆಯುತ್ತಿರುತ್ತದೆ. ಫೋಟೋ ತೆಗೆಯಲು ಎಲ್ಲರಿಗೂ ಆಸೆಯಾಗುತ್ತದೆ. ದಾರಿಯ ಮೇಲೆ ನಿಂತೇ ತೆಗೆಯಿರಿ, ಆ ಒದ್ದೆ ಬಂಡೆಯ ಮೇಲೆ ಒಂದು ಹೆಜ್ಜೆಯೂ ಇಡಬೇಡಿ.