ಪುಡಿಯಾಗುತ್ತಿರುವ ಪಲ್ಪ್ ಪತ್ರಿಕೆಯ ಮುಖಪುಟವನ್ನು ಕಳಚಿ ಚೌಕಟ್ಟಿಗೆ ಹಾಕಬಹುದೇ?

ಚಿತ್ರಾಸಕ್ತ:
ಅಮೆರಿಕದ 1930 ಮತ್ತು 40ರ ದಶಕಗಳ ಪಲ್ಪ್ ಪತ್ರಿಕೆಗಳನ್ನೂ (ಅಗ್ಗದ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಥಾಪತ್ರಿಕೆಗಳು) ಆರಂಭಕಾಲದ ಕಾಮಿಕ್ ಪುಸ್ತಕಗಳನ್ನೂ ನಾನು ಸಂಗ್ರಹಿಸುವುದು ಚಿತ್ರಗಳಿಗಾಗಿ ಮಾತ್ರ. ಕಥೆಗಳಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಒಳ್ಳೆಯ ಸ್ಥಿತಿಯ ಪ್ರತಿಗಳ ಬೆಲೆ ಕೈಗೆಟುಕದ ಕಾರಣ, ಅಂಚು ಹರಿದ, ಮುಟ್ಟಿದರೆ ಒಳಹಾಳೆಗಳು ಚೂರಾಗುವ ಪ್ರತಿಗಳನ್ನೇ ಹುಡುಕಿ ಕೊಳ್ಳುತ್ತೇನೆ. ಅಂಥವುಗಳಲ್ಲೂ ಮುಖಪುಟ ನುಣುಪಾದ ಬೇರೆ ಕಾಗದದ್ದಾಗಿರುವುದರಿಂದ ಬಣ್ಣ ಸಾಕಷ್ಟು ಉಳಿದಿರುತ್ತದೆ. ಒಳಪುಟಗಳು ಹೇಗೂ ಬಾಳುವುದಿಲ್ಲವೆಂದಾದರೆ, ಮುಖಪುಟವನ್ನು ಬಿಡಿಸಿ ಚೌಕಟ್ಟು ಹಾಕಿಸಿ ದಿನವೂ ಕಣ್ಣೆದುರು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ?

ಹಳೆಹೊತ್ತಗೆ:
ತಪ್ಪಿದೆ ಎಂದೇ ನನ್ನ ಅಭಿಪ್ರಾಯ. ಈ ಮುಖಪುಟಗಳಲ್ಲಿ ಹೆಚ್ಚಿನವು ಕ್ಯಾನ್ವಾಸಿನ ಮೇಲೆ ಬರೆದ ತೈಲಚಿತ್ರಗಳ ಮುದ್ರಿತ ರೂಪಗಳು. ಪತ್ರಿಕೆ ಮಾರುಕಟ್ಟೆಗೆ ಬಂದ ಮೇಲೆ ಆ ತೈಲಚಿತ್ರಗಳನ್ನು ಕಲೆಯೆಂದು ಯಾರೂ ಪರಿಗಣಿಸಲಿಲ್ಲ. ಗೋದಾಮಿನಲ್ಲಿ ಜಾಗವಿಲ್ಲವೆಂದು ಪ್ರಕಾಶಕರೇ ಎಸೆದದ್ದುಂಟು. ಮಾರ್ಗರೆಟ್ ಬ್ರಂಡೇಜ್ 1932ರಿಂದ ‘ವಿಯರ್ಡ್ ಟೇಲ್ಸ್’ ಪತ್ರಿಕೆಗೆ ಬರೆದ ಮುಖಪುಟಗಳಂತೂ ಒರೆಸಿದರೆ ಅಳಿಸಿಹೋಗುವ ಪ್ಯಾಸ್ಟೆಲ್ ಚಿತ್ರಗಳಾಗಿದ್ದವು, ಅವುಗಳ ಮೂಲಪ್ರತಿಗಳಲ್ಲಿ ಉಳಿದಿರುವವು ತೀರಾ ಕೆಲವು. ಹಾಗಾಗಿ ನೀವು ‘ಮುಖಪುಟ’ ಎಂದು ಕರೆಯುತ್ತಿರುವುದು ಎಷ್ಟೋ ಸಲ ಆ ಚಿತ್ರಕ್ಕೆ ಉಳಿದಿರುವ ಏಕೈಕ ಸಾಕ್ಷಿ, ಮತ್ತು ಆ ಸಾಕ್ಷಿಯ ಅರ್ಧಭಾಗ ಒಳಪುಟಗಳಲ್ಲಿದೆ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯ ಪರಿವಿಡಿಯ ಪುಟವನ್ನು ನೋಡಿ: ಈ ತಿಂಗಳ ಮುಖಪುಟ ಯಾವ ಕಥೆಯ ಯಾವ ಸನ್ನಿವೇಶವನ್ನು ತೋರಿಸುತ್ತದೆ ಎಂಬ ವಿವರಣೆ ಅಲ್ಲಿ ಸಿಗುತ್ತದೆ. ಸಹಿಯಿಲ್ಲದ ಚಿತ್ರಗಳನ್ನು ಬರೆದವರಾರೆಂದು ಪತ್ತೆ ಹಚ್ಚುವವರಿಗೆ ಇಂಥ ಪುಟಗಳೇ ಆಧಾರ. ಅದನ್ನು ಕಿತ್ತೆಸೆದು ಚಿತ್ರವನ್ನಷ್ಟೇ ಇಟ್ಟುಕೊಂಡರೆ ಅದು ಹೆಸರು, ಊರು, ತಾರೀಖು ಯಾವುದೂ ಇಲ್ಲದ ಚಿತ್ರವಾಗುತ್ತದೆ.

ಅಗ್ಗದಪ್ರತಿ:
ಹಳೆಹೊತ್ತಗೆಯವರ ವಾದ ಅಪರೂಪದ ಸಂಚಿಕೆಗಳಿಗೆ ಸರಿ, ಎಲ್ಲಕ್ಕೂ ಅಲ್ಲ. ‘ಆರ್ಗಸಿ’ ಪತ್ರಿಕೆ 1896ರಲ್ಲಿ ಕೇವಲ ಕಥೆಗಳನ್ನು ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿದಾಗಿನಿಂದ ಐವತ್ತು ವರ್ಷಗಳ ಕಾಲ ಈ ಉದ್ಯಮ ಲಕ್ಷಗಟ್ಟಲೆ ಪ್ರತಿಗಳನ್ನು ಹೊರತಂದಿತು. ಕೌಬಾಯ್ ಕಥೆಗಳ, ಪ್ರೇಮಕಥೆಗಳ ಎಷ್ಟೋ ಸಂಚಿಕೆಗಳನ್ನು ಇಂದಿಗೂ ಕೇಳುವವರಿಲ್ಲ, ಮತ್ತು ಅವುಗಳ ಮುಖಪುಟದ ಕೆಲಸ ಅನೇಕ ಸಲ ಪ್ರಸಿದ್ಧ ಸಂಚಿಕೆಗಳಿಗಿಂತ ಉತ್ತಮವಾಗಿಯೇ ಇದೆ. ಅಂಥ ಒಂದು ಪ್ರತಿ ಬೆನ್ನು ಕಳಚಿ ಕಸದ ಬುಟ್ಟಿಯ ದಾರಿಯಲ್ಲಿರುವಾಗ ಅದರ ಮುಖಪುಟವನ್ನು ಉಳಿಸಿಕೊಂಡವರನ್ನು ದೂರುವುದು ನನಗೆ ಸರಿಕಾಣುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಪಲ್ಪ್ ಪ್ರಕಾಶಕರಲ್ಲಿ ಹಲವರು ಮೊದಲು ಚಿತ್ರವನ್ನು ಕೊಂಡು, ಆಮೇಲೆ ಅದಕ್ಕೆ ಹೊಂದುವ ಕಥೆಯನ್ನು ಬರೆಸುತ್ತಿದ್ದರು. ಕಥೆಗಿಂತ ಮೊದಲೇ ಹುಟ್ಟಿದ ಚಿತ್ರವನ್ನು ಕಥೆಯಿಂದ ಬೇರ್ಪಡಿಸಬಾರದು ಎನ್ನುವುದರಲ್ಲಿ ತರ್ಕವಿಲ್ಲ.

ಕಾಗದಪಾಲಕ:
ತರ್ಕದ ವಿಷಯ ಹಾಗಿರಲಿ, ವಸ್ತುವಿನ ವಿಷಯವನ್ನು ಯಾರೂ ಎತ್ತಿಲ್ಲ. ಪಲ್ಪ್ ಕಾಗದವನ್ನು ಮರವನ್ನು ಅರೆದು ಮಾಡುತ್ತಿದ್ದರು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಯ ಸಂಪರ್ಕದಲ್ಲಿ ಕಂದಾಗುತ್ತದೆ, ಕಾಗದದೊಳಗಿನ ಆಮ್ಲ ನಾರಿನ ಎಳೆಗಳನ್ನು ತುಂಡರಿಸುತ್ತಾ ಹೋಗುತ್ತದೆ. ಇದು ಚಿತ್ರಾಸಕ್ತರಿಗೆ ತಿಳಿದೇ ಇದೆ. ಆದರೆ ಮುಖಪುಟ ಸುರಕ್ಷಿತವೆಂಬ ಅವರ ನಂಬಿಕೆ ಕತ್ತಲೆಯಲ್ಲಿ ಮಾತ್ರ ನಿಜ. ನಾಲ್ಕು ಬಣ್ಣಗಳ ಮುದ್ರಣದಲ್ಲಿ ಬೆಳಕಿಗೆ ಮೊದಲು ಸೋಲುವವು ಹಳದಿ ಮತ್ತು ಕೆಂಪು, ಮತ್ತು ಅಂಗಡಿಯ ಸಾಲಿನಲ್ಲಿ ದೂರದಿಂದಲೇ ಕಣ್ಣು ಸೆಳೆಯಲೆಂದು ಈ ಮುಖಪುಟಗಳಲ್ಲಿ ಧಾರಾಳವಾಗಿ ಬಳಸಿದ್ದೂ ಅವೇ ಎರಡನ್ನು. ಗೋಡೆಯ ಮೇಲೆ ಕೆಲವು ವರ್ಷಗಳು ಕಳೆದ ಮೇಲೆ ಉರಿಯುವ ಹಡಗಿನ ಚಿತ್ರವೊಂದು ನೀಲಿಬೂದು ಮಬ್ಬಾಗಿ ಉಳಿಯುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಈ ನಷ್ಟವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕೆಡಿಸುತ್ತದೆ. ವಸ್ತುಸಂಗ್ರಹಾಲಯಗಳು ಇಂಥ ಕಾಗದಕ್ಕೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದಬೆಳಕನ್ನು, ಅದನ್ನೂ ಕೆಲವು ತಿಂಗಳ ಮಟ್ಟಿಗೆ ಮಾತ್ರ, ಒಪ್ಪುತ್ತವೆ.

ಬಿಡಿಸುವ ಕೆಲಸವೂ ಅಂದುಕೊಂಡಷ್ಟು ಸುಲಭವಲ್ಲ. ಕಾಮಿಕ್ ಪುಸ್ತಕದ ಮುಖಪುಟವನ್ನು ಮಡಿಕೆಯ ಮೇಲಿನ ಎರಡು ಪಿನ್ನುಗಳು ಹಿಡಿದಿರುತ್ತವೆ. ಪಲ್ಪ್ ಪತ್ರಿಕೆಯಲ್ಲಿ ಪಿನ್ನು ಒಳಹಾಳೆಗಳ ಕಟ್ಟಿಗೆ ಮಾತ್ರ. ಮುಖಪುಟ, ಬೆನ್ನು, ಹಿಂಬದಿ ಮೂರೂ ಒಂದೇ ಹಾಳೆಯಾಗಿ ಅಂಟಿನಿಂದ ಕೂತಿರುತ್ತವೆ. ಎಳೆದರೆ ಬೆನ್ನು ಹರಿಯುತ್ತದೆ, ಅದರೊಡನೆ ಚಿತ್ರದ ಎಡ ಅಂಚೂ ಹೋಗುತ್ತದೆ.

ಚಿತ್ರಾಸಕ್ತ:
ಬೆಳಕಿನ ವಿಷಯ ನನ್ನನ್ನು ಯೋಚನೆಗೆ ಹಚ್ಚಿದೆ. ಆದರೂ ಒಂದು ಸಂದೇಹ ಉಳಿಯುತ್ತದೆ. ಸ್ಥಿತಿಗೆ ತಕ್ಕ ದರ್ಜೆ ನಿಗದಿ ಮಾಡಿಸಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಸಿಟ್ಟ ಕಾಮಿಕ್ ಪುಸ್ತಕಗಳಿಗೆ ಎಲ್ಲರೂ ಗೌರವ ಕೊಡುತ್ತಾರೆ. ‘ಆ್ಯಕ್ಷನ್ ಕಾಮಿಕ್ಸ್’ನ 1938ರ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾದದ್ದು ಹಾಗೆ ಮುಚ್ಚಿದ ಸ್ಥಿತಿಯಲ್ಲೇ. ಅಲ್ಲಿಯೂ ಕಾಣುವುದು ಮುಖಪುಟ ಮಾತ್ರ, ಒಳಗಿನ ಪುಟವನ್ನು ಯಾರೂ ತೆರೆಯುವಂತಿಲ್ಲ. ನನ್ನ ಚೌಕಟ್ಟಿಗೂ ಅದಕ್ಕೂ ಏನು ವ್ಯತ್ಯಾಸ?

ಮಸಿಗೆರೆ:
ಅವರು ಡಬ್ಬಿಯನ್ನು ಒಡೆದರೆ ಪುಸ್ತಕ ಸಿಗುತ್ತದೆ, ನೀವು ಚೌಕಟ್ಟನ್ನು ಒಡೆದರೆ ಒಂದು ಹಾಳೆ ಸಿಗುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ. ಹಾಗೆಂದು ಡಬ್ಬಿಯ ಪರವಾಗಿಯೂ ನಾನು ವಾದಿಸುವುದಿಲ್ಲ. ಚಿತ್ರಕ್ಕಾಗಿ ಕೊಂಡು ಚಿತ್ರಗಳನ್ನೇ ಮುಚ್ಚಿಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನನಗೆ ಆಶ್ಚರ್ಯವಾಗಿರುವುದು ಬೇರೆ. ಚಿತ್ರಗಳಿಗಾಗಿ ಸಂಗ್ರಹಿಸುತ್ತೇನೆ ಎನ್ನುವ ಚಿತ್ರಾಸಕ್ತರು ಒಳಪುಟಗಳಲ್ಲಿ ಚಿತ್ರಗಳೇ ಇಲ್ಲವೆಂಬಂತೆ ಬರೆದಿದ್ದಾರೆ. ವರ್ಜಿಲ್ ಫಿನ್ಲೇ 1930ರ ದಶಕದ ನಡುವಿನಿಂದ ‘ವಿಯರ್ಡ್ ಟೇಲ್ಸ್’ಗೆ ಬರೆದ ಕಪ್ಪುಬಿಳುಪು ಚಿತ್ರಗಳನ್ನು ಅವರು ಒಮ್ಮೆ ಭೂತಗನ್ನಡಿ ಹಿಡಿದು ನೋಡಬೇಕು. ಒಂದೊಂದೇ ಚುಕ್ಕೆಯನ್ನು ಲೇಖನಿಯ ತುದಿಯಿಂದ ಇಟ್ಟು, ಮಸಿ ಬಳಿದ ಹಲಗೆಯನ್ನು ಕೆರೆದು ಬಿಳಿಗೆರೆ ತೆಗೆದು, ಮೈಯ ದುಂಡನ್ನೂ ಹೊಗೆಯ ತೆಳುವನ್ನೂ ತೋರಿಸಿದ ಆ ಕೆಲಸವನ್ನು ಮುದ್ರಿಸಿದ್ದು ಮಸಿ ಹೀರಿಕೊಳ್ಳುವ ಒರಟು ಕಾಗದದ ಮೇಲೆ. ಆ ಕಾಲದ ಮುಖಪುಟ ಚಿತ್ರಕಾರರಲ್ಲಿ ಅಷ್ಟು ಸೂಕ್ಷ್ಮವಾದ ಕೈ ಯಾರಿಗಾದರೂ ಇತ್ತೇ ಎಂದು ನನಗೆ ಅನುಮಾನ. ನೀವು ಚೂರಾಗುವ ಹಾಳೆ ಎಂದು ಕೈಬಿಡಲು ಹೊರಟಿರುವುದು ಅದನ್ನು.

ಕಾಮಿಕ್ ಪುಸ್ತಕಗಳಿಗೂ ಈ ಮಾತು ಅನ್ವಯಿಸುತ್ತದೆ. ‘ಮಾರ್ವೆಲ್ ಕಾಮಿಕ್ಸ್’ನ 1939ರ ಮೊದಲ ಸಂಚಿಕೆಯ ಮುಖಪುಟವನ್ನು ಬರೆದವರು ಗರ್ನ್ಸ್‌ಬ್ಯಾಕರ ಪತ್ರಿಕೆಗಳ ಚಿತ್ರಕಾರ ಫ್ರ್ಯಾಂಕ್ ಆರ್. ಪಾಲ್. ಪಲ್ಪ್ ಲೋಕದ ಕೈ ಕಾಮಿಕ್ಸಿನೊಳಗೆ ಹೇಗೆ ನಡೆದುಬಂತು, ಒಳಗಿನ ಯುವ ಚಿತ್ರಕಾರರು ಅದರಿಂದ ಎಷ್ಟು ಬೇರೆಯಾಗಿ ಬರೆದರು ಎಂಬುದು ತಿಳಿಯುವುದು ಎರಡನ್ನೂ ಒಟ್ಟಿಗೆ ನೋಡಿದಾಗ.

ಹಳೆಹೊತ್ತಗೆ:
ಮಸಿಗೆರೆಯವರ ಮಾತಿಗೆ ಪೂರಕವಾಗಿ ಡೆನ್ವರ್‌ನ ಎಡ್ಗರ್ ಚರ್ಚ್ ಅವರನ್ನು ನೆನಪಿಸುತ್ತೇನೆ. ಅವರು ಜಾಹೀರಾತಿನ ಚಿತ್ರಕಾರರಾಗಿದ್ದರು. ಸಾವಿರಾರು ಕಾಮಿಕ್ ಪುಸ್ತಕಗಳನ್ನು ದಶಕಗಳ ಕಾಲ ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟಿದ್ದರು. 1977ರಲ್ಲಿ ಆ ಸಂಗ್ರಹ ಹೊರಬಂದಾಗ ಒಳಹಾಳೆಗಳು ಬಿಳಿಯಾಗಿಯೇ ಇದ್ದವು. ತಂಪು, ಒಣಗಾಳಿ, ಕತ್ತಲೆ, ಒತ್ತಡ, ಇಷ್ಟೇ ಅದರ ಗುಟ್ಟು. ಎರಡನೆಯ ಮಹಾಯುದ್ಧದ ಕಾಲದ ರದ್ದಿಕಾಗದ ಸಂಗ್ರಹಣೆಯಲ್ಲಿ ಬೇರೆಯವರ ಪ್ರತಿಗಳು ಗಿರಣಿ ಸೇರುತ್ತಿದ್ದಾಗ, ಇಡಿಯಾಗಿ ಉಳಿಸಿದವರು ಒಬ್ಬ ಚಿತ್ರಕಾರರೇ.

ಅಗ್ಗದಪ್ರತಿ:
ಚರ್ಚ್ ಅವರ ಪ್ರತಿಗಳು ಹೊಸದಾಗಿದ್ದಾಗಲೇ ಅವರ ಕೈಸೇರಿದ್ದವು. ಇಲ್ಲಿ ಪ್ರಶ್ನೆ ಇರುವುದು ಈಗಾಗಲೇ ಸತ್ತ ಕಾಗದದ ಬಗ್ಗೆ. ಬೆನ್ನು ತಾನಾಗಿಯೇ ಕಳಚಿ, ಮುಖಪುಟ ಬಿಡಿಯಾಗಿಯೇ ಮಾರಾಟಕ್ಕೆ ಬರುವುದೂ ಉಂಟು. ಅಂಥದ್ದನ್ನು ಕೊಂಡು ಚೌಕಟ್ಟಿಗೆ ಹಾಕುವುದಕ್ಕೆ ಯಾರ ಆಕ್ಷೇಪವೂ ಇರಲಾರದು ಎಂದುಕೊಂಡಿದ್ದೇನೆ. ಗೋಡೆಗೆ ಯಾವ ಚಿತ್ರವನ್ನು ಏರಿಸುತ್ತೀರಿ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಕಟ್ಟಿಹಾಕಿದ ಹೆಂಗಸು, ಹಳದಿ ಮೈಯ ಏಷ್ಯನ್ ಕ್ರೂರಿ ಎಂಬ ಜನಾಂಗದ್ವೇಷದ ಅಚ್ಚುಗಳು ಪತ್ರಿಕೆಯೊಳಗಿದ್ದಾಗ ಇತಿಹಾಸವಾಗಿ ಕಾಣುತ್ತವೆ, ಹಜಾರದಲ್ಲಿ ತೂಗಿದಾಗ ಅಲಂಕಾರವಾಗುತ್ತವೆ.

ಕಾಗದಪಾಲಕ:
ಬಿಡಿಯಾಗಿ ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಗೋಡೆಗೆ ಅದರ ಮುದ್ರಿತ ನಕಲು ಹೋಗಲಿ, ಅಸಲು ಕತ್ತಲೆಯಲ್ಲಿರಲಿ. ಈ ಕ್ರಮ ಇಡೀ ಪತ್ರಿಕೆಗಳಿಗೂ ಸಲ್ಲುತ್ತದೆ, ಏನನ್ನೂ ಕೀಳಬೇಕಾಗಿಲ್ಲ.

ಚಿತ್ರಾಸಕ್ತ:
ಬೆನ್ನು ಗಟ್ಟಿಯಿರುವ ಪ್ರತಿಗಳನ್ನು ಹಾಗೆಯೇ ಬಿಡುತ್ತೇನೆ, ಫಿನ್ಲೇಯ ಚಿತ್ರಗಳಿರುವ ಸಂಚಿಕೆಗಳನ್ನು ಇನ್ನು ಮುಂದೆ ಬೇರೆ ಕಣ್ಣಿನಿಂದ ನೋಡುತ್ತೇನೆ. ಕಳಚಿ ಬಂದ ಮುಖಪುಟಗಳ ಅಸಲನ್ನೇ ಗೋಡೆಗೆ ಹಾಕುವ ಆಸೆ ಮಾತ್ರ ಪೂರ್ತಿ ಹೋಗಿಲ್ಲ. ಅಚ್ಚಿನ ಮಸಿಯ ಹೊಳಪು ನಕಲಿನಲ್ಲಿ ಬರುವುದಿಲ್ಲ. ಪುಡಿಯಾಗುವ ಪ್ರತಿಯನ್ನು ಹಾನಿಯಾಗದಂತೆ ಸ್ಕ್ಯಾನ್ ಮಾಡುವುದು ಹೇಗೆ?

ಕಾಗದಪಾಲಕ:
ಮುಖಪುಟಕ್ಕೆ ಸಾಮಾನ್ಯ ಸ್ಕ್ಯಾನರ್ ಸಾಕು, ಪತ್ರಿಕೆಯನ್ನು ಮುಚ್ಚಿಯೇ ಇಟ್ಟು, ಮುಚ್ಚಳವನ್ನು ಒತ್ತದೆ, 600 ಡಿಪಿಐ ಇಟ್ಟುಕೊಳ್ಳಿ. ಒಳಚಿತ್ರಗಳಿಗೆ ಸ್ಕ್ಯಾನರ್ ಬೇಡ. ಪತ್ರಿಕೆಯನ್ನು 90 ಡಿಗ್ರಿಗಿಂತ ಹೆಚ್ಚು ತೆರೆಯದೆ, ಎರಡು ಬದಿಗೂ ಮೆತ್ತನೆಯ ಆಸರೆ ಕೊಟ್ಟು, ಪುಟಕ್ಕೆ ನೇರವಾಗಿ ನಿಲ್ಲಿಸಿದ ಕ್ಯಾಮೆರಾದಿಂದ ತೆಗೆಯಿರಿ. ಕೆಲಸ ಮುಗಿದ ಮೇಲೆ ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ಆಮ್ಲರಹಿತ ರಟ್ಟಿನೊಡನೆ ಇಡಿ. ಪಲ್ಪ್ ಮುಖಪುಟದ ಅಂಚು ಒಳಹಾಳೆಗಳಿಗಿಂತ ಹೊರಚಾಚಿರುವುದರಿಂದ ಚೀಲ ಬಿಗಿಯಾದರೆ ಮೊದಲು ಮುರಿಯುವುದು ಅದೇ, ಹಾಗಾಗಿ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ.